‘ನೀನು ಬೆಂಗಳೂರಿಗೆ ಹೋದ ಮೇಲೆ ಯಾರು?’

ಕಳೆದ ವರ್ಷ ನಾಲ್ಕನೇ ಸೆಮಿಸ್ಟರಿನ ಇಂಟರ್ನಲ್ಸ್ ಮುಗಿಸಿ ಹಾಸ್ಟೆಲಿನಿಂದ ಊರಿಗೆ ಬಂದಿದ್ದೆ. ಬ್ಯಾಗ್ ಕೆಳಗಿಡುವ ಮೊದಲೇ ಅಂಗಳದಲ್ಲಿ ನಮ್ಮ ವಾಳೆಯ ಗುರಿಕಾರರ ಸ್ಕೂಟರ್ ಬಂದು ನಿಂತಿತು. ‘ಪುತಾ, ನಿನಗೆ ಕಂಪ್ಯೂಟರ್ ಗೊತ್ತುಂಟಲ್ಲ. ನಮ್ಮ ವಾಳೆಯ ಮನೆಗಳದ್ದೊಂದು ಪಟ್ಟಿ ಮಾಡಿಕೊಡು. ಪಾಲನಾ ಮಂಡಳಿಯ ಮೀಟಿಂಗಿಗೆ ಬೇಕು’ ಎಂದರು. ನಾನು ಓದುತ್ತಿರುವುದು ಎಲೆಕ್ಟ್ರಿಕಲ್. ಆದರೆ ನಮ್ಮೂರಲ್ಲಿ ಬಿ.ಇ. ಎಂದರೆ ಕಂಪ್ಯೂಟರೇ. ‘ಆಯ್ತು ಅಂಕಲ್’ ಎಂದೆ.

ಕರಾವಳಿಯ ಹೊರಗಿನವರಿಗೆ ವಾಳೆ, ಗುರಿಕಾರ ಎಂಬ ಪದಗಳು ಹೊಸತಿರಬಹುದು. ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಊರಿನ ಮನೆಗಳನ್ನು ವಾಳೆಗಳಾಗಿ ವಿಂಗಡಿಸಿರುತ್ತಾರೆ. ಒಂದೊಂದು ವಾಳೆಗೆ ಒಬ್ಬ ಗುರಿಕಾರ. ಸಂಬಳ ಇಲ್ಲ, ರಜೆಯೂ ಇಲ್ಲ. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ಬಾಗಿಲಲ್ಲಿ ನಿಲ್ಲುವವರು ಅವರು. ಎಲ್ಲ ವಾಳೆಗಳ ಮಾತು ಒಂದೆಡೆ ಸೇರುವ ಜಾಗ ಪಾಲನಾ ಮಂಡಳಿ. ಅದಕ್ಕೆ ಧರ್ಮಗುರುಗಳು ಅಧ್ಯಕ್ಷರು. ಉಪಾಧ್ಯಕ್ಷರು, ಕಾರ್ಯದರ್ಶಿ ನಮ್ಮಂಥ ಜನಸಾಮಾನ್ಯರೇ. ಫಾದರ್‌ಗಳಿಗೆ ಕೆಲವು ವರ್ಷಕ್ಕೊಮ್ಮೆ ವರ್ಗ ಆಗುತ್ತದೆ. ಊರಿನವರು ಊರಲ್ಲೇ ಇರುತ್ತಾರೆ.

ಊರಿನವರು ಊರಲ್ಲೇ ಇರುತ್ತಾರೆಂದು ನಾನೂ ನಂಬಿದ್ದೆ. ಪಟ್ಟಿ ಮಾಡಲು ಮೂರು ಆದಿತ್ಯವಾರ ಮನೆಮನೆ ಸುತ್ತಿದ ಮೇಲೆ ಆ ನಂಬಿಕೆ ಉಳಿಯಲಿಲ್ಲ. ಕೆಲವು ಮನೆಗಳಿಗೆ ಬೀಗ, ಬೀಗದ ಕೈ ಪಕ್ಕದ ಮನೆಯಲ್ಲಿ. ಇನ್ನು ಕೆಲವು ಮನೆಗಳಲ್ಲಿ ಇಬ್ಬರೇ, ಇಲ್ಲವೇ ಒಬ್ಬರೇ. ಮಕ್ಕಳು ದುಬೈಯಲ್ಲಿ, ಕುವೈತ್‌ನಲ್ಲಿ, ಬೆಂಗಳೂರಿನಲ್ಲಿ. ನಾನು ಸಣ್ಣವನಿದ್ದಾಗ ಮೊಂತಿ ಹಬ್ಬಕ್ಕೆ ಹೂವಿನ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲಲು ಜಾಗಕ್ಕೆ ಜಗಳವಾಡುತ್ತಿದ್ದೆವು. ಈಗ ನಮ್ಮ ವಾಳೆಯಲ್ಲಿ ಹೂವು ಹಿಡಿಯುವ ಪ್ರಾಯದ ಮಕ್ಕಳನ್ನು ಬೆರಳಲ್ಲಿ ಎಣಿಸಬಹುದು.

ಒಂದು ಮನೆಯಲ್ಲಿ ಒಬ್ಬರು ಅಜ್ಜಿ ಸಿಕ್ಕಿದರು. ಹಿಂದೆ ಚರ್ಚಿನ ಗಾಯನ ಮಂಡಳಿಯಲ್ಲಿ ಮುಂದಿನ ಸಾಲಲ್ಲಿ ಹಾಡುತ್ತಿದ್ದವರು. ಸೊಂಟದ ಮೂಳೆ ಮುರಿದ ಮೇಲೆ ಚರ್ಚಿಗೆ ಬಂದಿಲ್ಲ. ತಿಂಗಳ ಮೊದಲ ಶುಕ್ರವಾರ ಫಾದರ್ ಮನೆಗೇ ಪರಮ ಪ್ರಸಾದ ತರುತ್ತಾರೆ. ‘ಪೂಜೆ ಟಿವಿಯಲ್ಲಿ ನೋಡ್ತೇನೆ ಮಗಾ. ಆದರೆ ಟಿವಿ ನೋಡುವಾಗ ಪಕ್ಕದಲ್ಲಿ ಯಾರೂ ಕೂತಿರುವುದಿಲ್ಲ’ ಎಂದರು. ಆ ರಾತ್ರಿ ನನ್ನ ಎಕ್ಸೆಲ್ ಹಾಳೆಗೆ ಒಂದು ಹೊಸ ಕಾಲಂ ಸೇರಿಸಿದೆ: ‘ಬರಲು ಮನಸ್ಸಿದೆ, ದಾರಿ ಇಲ್ಲ.’

ಮೀಟಿಂಗಿನ ದಿನ ಮುಖ್ಯ ವಿಷಯ ಬೇರೆಯೇ ಇತ್ತು. ಚರ್ಚಿನ ಎದುರು ಪೋರ್ಟಿಕೊ ಕಟ್ಟಬೇಕು; ನಕ್ಷೆ, ಎಸ್ಟಿಮೇಟ್ ಎಲ್ಲ ಸಿದ್ಧವಿತ್ತು. ಮಳೆಗಾಲದಲ್ಲಿ ಶವಪೆಟ್ಟಿಗೆ ಹೊತ್ತವರು ನೆನೆಯುವುದನ್ನು ನಾನೂ ಕಂಡಿದ್ದೇನೆ, ಅದು ಅನಗತ್ಯ ಎನ್ನಲು ಬಾಯಿ ಬರಲಿಲ್ಲ. ನನ್ನ ಸರದಿ ಬಂದಾಗ ಪಟ್ಟಿ ಓದಿ, ‘ಪ್ರತಿ ಆದಿತ್ಯವಾರ ಇವರನ್ನು ಕರೆತರಲು ವಾಹನದ ವ್ಯವಸ್ಥೆ ಮಾಡುವ. ಮೊದಲು ಇದು, ಆಮೇಲೆ ಪೋರ್ಟಿಕೊ’ ಎಂದೆ.

ಆರ್ಥಿಕ ಸಮಿತಿಯ ಹಿರಿಯರೊಬ್ಬರು ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಒಳ್ಳೆಯ ಯೋಚನೆ. ಆದರೆ ನೀನು ಎರಡು ವರ್ಷಕ್ಕೆ ಬೆಂಗಳೂರಿಗೆ ಹೋಗ್ತಿ. ಆಮೇಲೆ ಯಾರು?’

ನನ್ನಲ್ಲಿ ಉತ್ತರ ಇರಲಿಲ್ಲ. ಅವರ ಇಬ್ಬರು ಮಕ್ಕಳೂ ಹಾಗೇ ಹೋದವರು. ನನಗೆ ನೆನಪಿರುವಷ್ಟು ಕಾಲದಿಂದ ಪ್ರತಿ ಆದಿತ್ಯವಾರ ಪೂಜೆಯ ನಂತರ ಕಾಣಿಕೆ ಎಣಿಸುತ್ತಾ ಕೂತವರು ಅವರು. ಕೇಳುವ ಹಕ್ಕು ಅವರಿಗಿತ್ತು.

ಚರ್ಚ್ ನಡೆಸುವುದು ಫಾದರ್‌ಗಳ ಕೆಲಸ, ನಮ್ಮದು ಬಂದು ಪ್ರಾರ್ಥಿಸಿ ಹೋಗುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. 1962ರಿಂದ 1965ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಬೇರೆಯೇ ಮಾತು ಹೇಳಿತು. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಧರ್ಮಸಭೆಯ ಕೆಲಸದಲ್ಲಿ ಪಾಲಿದೆ ಎಂದಿತು. ಜನಸಾಮಾನ್ಯರ ಹೊಣೆಯ ಬಗ್ಗೆಯೇ 1965ರಲ್ಲಿ ಪ್ರತ್ಯೇಕ ಆದೇಶ ಹೊರಡಿಸಿತು. 1983ರ ಧರ್ಮಸಭೆಯ ಕಾನೂನು ಪ್ರತಿ ಚರ್ಚಿಗೂ ಆರ್ಥಿಕ ಸಮಿತಿ ಕಡ್ಡಾಯ ಎಂದಿತು. ಪಾಲನಾ ಮಂಡಳಿಯನ್ನು ಮಾತ್ರ ಬಿಷಪರ ತೀರ್ಮಾನಕ್ಕೆ ಬಿಟ್ಟಿತು, ಅದರ ಮಾತು ಸಲಹೆಯಷ್ಟೇ ಎಂದೂ ಹೇಳಿತು. 2024ರ ಅಕ್ಟೋಬರಿನಲ್ಲಿ ರೋಮಿನಲ್ಲಿ ಮುಗಿದ ಸಿನೊಡ್ ಇಂಥ ಮಂಡಳಿಗಳೂ ಕಡ್ಡಾಯವಾಗಬೇಕೆಂದು ಒತ್ತಿ ಹೇಳಿದೆ. ಆ ಸಿನೊಡ್‌ನಲ್ಲಿ ಮಹಿಳೆಯರಿಗೂ ಮೊದಲ ಬಾರಿ ಮತ ಇತ್ತು.

ಸಂತೋಷವೇ. ಆದರೆ ಕಾನೂನು ಕುರ್ಚಿ ಹಾಕಬಹುದು, ಕೂರುವವರು ನಾವೇ ಆಗಬೇಕಲ್ಲ?

ನಮ್ಮ ಚರ್ಚಿನಲ್ಲಿ ಬಡವರ ಮನೆಗಳಿಗೆ ಅಕ್ಕಿ, ಔಷಧಿ ಮುಟ್ಟಿಸುವ ಸಂತ ವಿನ್ಸೆಂಟ್ ದ ಪೌಲ್ ಸಭೆಯಿದೆ. ಅದರಲ್ಲಿ ಇರುವವರೆಲ್ಲ ತಲೆ ನೆರೆತವರಾದ್ದರಿಂದ ಅದನ್ನು ಹುಟ್ಟುಹಾಕಿದ್ದೂ ಯಾರೋ ಮುದುಕರು ಎಂದುಕೊಂಡಿದ್ದೆ. ಅಲ್ಲ. 1833ರ ಏಪ್ರಿಲ್ 23ರಂದು ಪ್ಯಾರಿಸ್‌ನಲ್ಲಿ ಫ್ರೆಡೆರಿಕ್ ಒಝಾನಮ್ ಎಂಬ ಕಾನೂನು ವಿದ್ಯಾರ್ಥಿ ಕೆಲವು ಗೆಳೆಯರೊಂದಿಗೆ ಅದನ್ನು ಶುರುಮಾಡಿದ. ನಿಮ್ಮ ಚರ್ಚ್ ಬಡವರಿಗೆ ಈಗ ಏನು ಮಾಡುತ್ತಿದೆ ಎಂಬ ಸವಾಲೇ ಅದಕ್ಕೆ ಕಾರಣ. ಅವತ್ತಿಗೆ ಅವನಿಗೆ ಸರಿಯಾಗಿ ಇಪ್ಪತ್ತು ತುಂಬಿತ್ತು. ನನ್ನದೇ ಪ್ರಾಯ. ಅವನೂ ಓದು ಮುಗಿಸಿ ಬೇರೆ ಊರಿಗೆ ಹೋದವನೇ. ಆದರೆ ಕೆಲಸ ನಿಲ್ಲಲಿಲ್ಲ, ಯಾಕೆಂದರೆ ಅದು ಅವನೊಬ್ಬನ ಕೈಯಲ್ಲಿ ಇರಲಿಲ್ಲ.

ಆ ದಿನ ಮೀಟಿಂಗಿನಲ್ಲಿ ಫಾದರ್ ತೀರ್ಪು ಕೊಡಲಿಲ್ಲ. ‘ಇಬ್ಬರು ಹೇಳಿದ್ದೂ ಸರಿ. ಏನು ಮಾಡುವ?’ ಎಂದು ಸಭೆಯನ್ನೇ ಕೇಳಿದರು. ನಿವೃತ್ತ ಟೀಚರೊಬ್ಬರು ದಾರಿ ತೋರಿಸಿದರು. ಪ್ರತಿ ಕೆಲಸಕ್ಕೂ ಇಬ್ಬರು: ಊರಲ್ಲೇ ಉಳಿಯುವ ಒಬ್ಬರು, ಕಾಲೇಜಿಗೆ ಹೋಗುವ ಒಬ್ಬರು. ಕಾಲೇಜಿನವರು ಊರು ಬಿಡುವ ಮೊದಲು ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಯಾರು ಮಾಡಬೇಕು. ನಮ್ಮ ಪಾಠದಲ್ಲೂ ಇದೇ ಇದೆ. ಒಂದೇ ಲೈನ್ ನಂಬಿದ ಊರು ಅದು ಟ್ರಿಪ್ ಆದರೆ ಕತ್ತಲೆ. ಪೋರ್ಟಿಕೊ ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು. ಆ ಮಳೆಗಾಲಕ್ಕೆ ಶೀಟ್ ಹಾಕಿಸಿದರು.

ಎಲ್ಲ ಸುಸೂತ್ರವಾಯಿತು ಎಂದರೆ ಸುಳ್ಳಾಗುತ್ತದೆ. ನನ್ನ ಪಾಲಿಗೆ ತಿಂಗಳ ಎರಡನೇ ಮತ್ತು ನಾಲ್ಕನೇ ಆದಿತ್ಯವಾರ ಬಂತು. ಪರೀಕ್ಷೆಯ ಸಮಯದಲ್ಲಿ ಒಂದು ವಾರ ಹಾಸ್ಟೆಲಿನಲ್ಲೇ ಉಳಿದೆ. ನನ್ನ ಜೋಡಿಯ ಅಂಕಲ್‌ಗೆ ಹೇಳುವುದನ್ನೇ ಮರೆತೆ. ಹಾಡುತ್ತಿದ್ದ ಆ ಅಜ್ಜಿ ಸೀರೆ ಉಟ್ಟು, ವಾಕರ್ ಹಿಡಿದು, ಎರಡನೇ ಗಂಟೆ ಕೇಳುವವರೆಗೂ ಜಗಲಿಯಲ್ಲಿ ಕಾದು ಕೂತಿದ್ದರಂತೆ. ಮುಂದಿನ ಸಲ ಹೋದಾಗ ಅವರು ಬೈಯಲಿಲ್ಲ. ‘ಪರೀಕ್ಷೆ ಚೆನ್ನಾಗಿ ಆಯ್ತಾ?’ ಎಂದು ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ಹೊಣೆ ಎಂದರೆ ಭಾಷಣವಲ್ಲ, ಯಾರೋ ಒಬ್ಬರು ಜಗಲಿಯಲ್ಲಿ ಕಾಯುತ್ತಿರುತ್ತಾರೆ ಎಂದು ನನಗೆ ಅಂದು ಅರ್ಥವಾಯಿತು.

ಇದು ಬರೀ ಚರ್ಚಿನ ಕಥೆ ಎಂದು ನನಗನಿಸುವುದಿಲ್ಲ. ನಿಮ್ಮೂರಿನ ದೇವಸ್ಥಾನದ ಉತ್ಸವ ಸಮಿತಿ, ಮಸೀದಿಯ ಜಮಾತ್, ಯುವಕ ಮಂಡಲ, ಯಕ್ಷಗಾನ ಸಂಘ ಎಲ್ಲ ಕಡೆಯೂ ಕುರ್ಚಿಯಲ್ಲಿ ಕೂತವರಿಗೆ ವಯಸ್ಸಾಗುತ್ತಿದೆ. ನಾವು ಹಬ್ಬಕ್ಕೆ ಬಂದು ಫೋಟೊ ಹಾಕಿ ಹೋಗುತ್ತಿದ್ದೇವೆ. ಊರು ಬಿಡಬೇಡಿ ಎಂದು ಯಾರಿಗೂ ಹೇಳಲಾರೆ, ನಾನೇ ಬಿಡಲಿದ್ದೇನೆ. ಹೋಗುವ ಮೊದಲು ಒಬ್ಬರಿಗೆ ಕಲಿಸಿ ಹೋಗೋಣ, ಅಷ್ಟೇ.

ನಾನೀಗ ಆರನೇ ಸೆಮಿಸ್ಟರ್. ಪಿಯುಸಿ ಓದುವ ಹುಡುಗನೊಬ್ಬ ನನ್ನ ಜೊತೆ ಬರತೊಡಗಿದ್ದಾನೆ. ಅವನು ಮಾಡಿದ ಮೊದಲ ಕೆಲಸ, ನನ್ನ ಎಕ್ಸೆಲ್ ಪಟ್ಟಿಯನ್ನು ಇನ್ನೂರು ಪುಟದ ನೋಟ್ ಪುಸ್ತಕಕ್ಕೆ ಇಳಿಸಿದ್ದು. ‘ಗುರಿಕಾರ ಅಂಕಲ್‌ಗೆ ಎಕ್ಸೆಲ್ ಓಪನ್ ಮಾಡಲು ಬರುವುದಿಲ್ಲ ಅಣ್ಣಾ’ ಎಂದ. ವರ್ಷವಿಡೀ ನನಗೆ ಹೊಳೆಯದ್ದು ಅವನಿಗೆ ಒಂದೇ ದಿನಕ್ಕೆ ಹೊಳೆದಿತ್ತು. ಆರ್ಥಿಕ ಸಮಿತಿಯ ಆ ಹಿರಿಯರಿಗೆ ಪುಸ್ತಕ ತೋರಿಸಿದೆ. ಕನ್ನಡಕ ಹಾಕಿಕೊಂಡು ಪುಟ ತಿರುವಿ, ಕೊನೆಗೆ ಹುಡುಗನತ್ತ ತಿರುಗಿ ಕೇಳಿದರು: ‘ನೀನು ಹೋದ ಮೇಲೆ ಯಾರು?’