ಪವರ್ ಟಿಲ್ಲರಿನ ಫ್ಲೈವೀಲು: ಮನೆಯಲ್ಲಿ ಬದಲಿಸುವ ಕ್ರಮ

ಗೋವೆಯಲ್ಲಿ ಒಕ್ಕಲುತನ ಮಾಡುವ ನಮ್ಮ ಕನ್ನಡ ಬಂಧುಗಳಿಗೆ ಪವರ್ ಟಿಲ್ಲರು ಹೊಸದಲ್ಲ. ಸಾಂಗೆ, ಕೇಪೆ, ಫೋಂಡಾ, ಡಿಚೋಲಿ ಕಡೆಯ ಚಿಕ್ಕ ಗದ್ದೆಗಳಲ್ಲಿ ದೊಡ್ಡ ಟ್ರ್ಯಾಕ್ಟರು ತಿರುಗಲಾರದು; ಅಲ್ಲಿ ಎತ್ತಿನ ಬದಲಿಗೆ ನಿಂತಿರುವುದು ಈ ಕೈ ಯಂತ್ರವೇ. ಬೆಂಗಳೂರಿನಲ್ಲಿ ೧೯೬೭ರಲ್ಲಿ ಜಪಾನಿನ ಮಿತ್ಸುಬಿಷಿ ಸಹಯೋಗದಿಂದ ಆರಂಭವಾದ ವಿ.ಎಸ್.ಟಿ. ಕಂಪನಿಯ ಟಿಲ್ಲರುಗಳೂ ಕೇರಳದ ಅತ್ತಾಣಿಯ ಕ್ಯಾಮ್ಕೋ ಟಿಲ್ಲರುಗಳೂ ನಮ್ಮ ಪಶ್ಚಿಮ ಕರಾವಳಿಯವರಿಗೆ ಪರಿಚಿತವಾದವು. ಆದರೆ ಮಳೆಗಾಲದ ಬೆಳೆಗಾಗಲಿ, ವಾಯಂಗಣ ಬೆಳೆಗಾಗಲಿ ಹದ ಸಿಗುವುದು ಕೆಲವೇ ದಿನ. ಆ ದಿನಗಳಲ್ಲೇ ಯಂತ್ರ ಕೆಟ್ಟರೆ, ಮಿಸ್ತ್ರಿಯ ಬಾಗಿಲಲ್ಲಿ ಹತ್ತು ಟಿಲ್ಲರು ಸಾಲುಗಟ್ಟಿ ನಿಂತಿರುತ್ತವೆ. ಆದುದರಿಂದ ಈ ವಾರ ಫ್ಲೈವೀಲು ಎಂಬ ಭಾರದ ಚಕ್ರವನ್ನು ಮನೆಯಂಗಳದಲ್ಲೇ ಬಿಚ್ಚಿ ಬದಲಿಸುವ ಬಗೆಯನ್ನು ವಿಚಾರ ಮಾಡೋಣ.

ಚಕ್ರದ ಕೆಲಸವೇನು?

ಟಿಲ್ಲರಿಗೆ ಇರುವುದು ಒಂದೇ ಸಿಲಿಂಡರಿನ ಡೀಜೆಲ್ ಎಂಜಿನು. ಅದರ ಪಿಸ್ಟನ್ನು ಎರಡು ಸಲ ಹೋಗಿ ಬಂದರೆ, ಅಂದರೆ ದಂಡವು ಎರಡು ಸುತ್ತು ತಿರುಗಿದರೆ, ಶಕ್ತಿ ಹುಟ್ಟುವುದು ಒಂದೇ ಸಲ. ಗಾಳಿ ಎಳೆಯುವುದು, ಅದನ್ನು ಒತ್ತುವುದು, ಹೊಗೆ ಹೊರದೂಡುವುದು, ಈ ಮೂರೂ ಶಕ್ತಿಯನ್ನು ತಿನ್ನುವ ಕೆಲಸಗಳು. ಒಂದು ಗಳಿಕೆ, ಮೂರು ಖರ್ಚು! ಈ ಸಂಸಾರ ನಡೆಯಬೇಕಾದರೆ ಗಳಿಸಿದ್ದನ್ನು ಕೂಡಿಡುವ ಕಣಜವೊಂದು ಬೇಕಷ್ಟೆ. ಆ ಕಣಜವೇ ಫ್ಲೈವೀಲು. ಬೀಸುವ ಕಲ್ಲಿನ ಮೇಲುಗಲ್ಲು ಒಮ್ಮೆ ವೇಗ ಹಿಡಿದರೆ ಕೈಬಿಟ್ಟರೂ ಅರೆಸುತ್ತು ತಾನೇ ತಿರುಗುವುದಿಲ್ಲವೇ? ಇದೂ ಹಾಗೆಯೇ.

ಈಗ ಅದರ ವೇಗವನ್ನು ಲೆಕ್ಕ ಹಾಕಿ ನೋಡಿರಿ. ಎಂಜಿನು ನಿಮಿಷಕ್ಕೆ ೨೪೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೪೦ ಸುತ್ತಾಯಿತು. ಚಕ್ರದ ಅಡ್ಡಳತೆ ೩೫ ಸೆಂಟಿಮೀಟರೆಂದು ಹಿಡಿದರೆ ಸುತ್ತಳತೆ ೧೧೦ ಸೆಂಟಿಮೀಟರು. ಅಂದರೆ ಚಕ್ರದ ಅಂಚು ಸೆಕೆಂಡಿಗೆ ೪೪ ಮೀಟರು, ಗಂಟೆಗೆ ಸುಮಾರು ೧೫೮ ಕಿಲೋಮೀಟರು ವೇಗದಲ್ಲಿ ಓಡುತ್ತಿರುತ್ತದೆ. ಇಬ್ಬರು ಎತ್ತಬೇಕಾದ ಬೀಡಿನ ಚಕ್ರ ಆ ವೇಗದಲ್ಲಿ ಸಡಿಲಾದರೆ ಅಥವಾ ಸೀಳಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಡಿಲಾದ ಫ್ಲೈವೀಲನ್ನು “ಇದೊಂದು ಗದ್ದೆ ಮುಗಿಯಲಿ” ಎಂದು ಓಡಿಸುವುದು ಸರ್ವಥಾ ಸಲ್ಲದು.

ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ಎಂಜಿನು ನಿಧಾನವಾಗಿ ಓಡುವಾಗ ಟಕ್ ಟಕ್ ಎಂಬ ಸದ್ದು, ಚಕ್ರ ಓಲಾಡುವುದು, ಬೆಲ್ಟುಗಳು ಒಂದೇ ಮಗ್ಗುಲಿಗೆ ಸವೆಯುವುದು, ಎಲ್ಲಕ್ಕಿಂತ ಮುಖ್ಯವಾಗಿ, ಚಕ್ರದ ನಡುವಿನ ನಟ್ಟಿನ ಸುತ್ತ ಕೆಂಪು ಹುಡಿ ಕಾಣಿಸುವುದು. ಈ ಹುಡಿ ಬರಿಯ ತುಕ್ಕಲ್ಲ. ದಂಡಕ್ಕೂ ಚಕ್ರಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಸಡಿಲವಿದ್ದು, ಲೋಹಗಳು ಒಂದನ್ನೊಂದು ತಿನ್ನುತ್ತಿವೆ ಎಂಬುದರ ಗುರುತು. ಖಾಜನ ಗದ್ದೆಗಳಲ್ಲಿ ದುಡಿಯುವ ಟಿಲ್ಲರಿನ ಕಡೆಗೆ ಹೆಚ್ಚು ಲಕ್ಷ್ಯವಿರಬೇಕು; ಅಲ್ಲಿನ ಉಪ್ಪು ಕೆಸರು ತುಕ್ಕನ್ನು ಬೇಗ ತರುತ್ತದೆ. ಸಂಜೆ ಸಿಹಿನೀರಿನಿಂದ ಯಂತ್ರ ತೊಳೆಯುವ ರೂಢಿ ಬಹಳ ಒಳ್ಳೆಯದು.

ಭಾರ ಹೊರುವುದು ಯಾವುದು?

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಬಿಡಿಸಬೇಕಾಗಿದೆ. ಕ್ರ್ಯಾಂಕ್ ದಂಡದ ತುದಿ ಕಬ್ಬಿನ ಗಾಣದ ಗೂಟದಂತೆ ಸಮನಾಗಿರುವುದಿಲ್ಲ. ಬುಗುರಿಯ ಹಾಗೆ ತುದಿಗೆ ಹೋದಂತೆ ಸಪೂರವಾಗುತ್ತದೆ. ಇದಕ್ಕೆ ಟೇಪರ್ ಎಂದು ಹೆಸರು. ಚಕ್ರದ ರಂಧ್ರವೂ ಅದೇ ಆಕಾರದ್ದು. ದಂಡದ ಗಾಡಿಯಲ್ಲಿ ‘ಕೀ’ ಎಂಬ ಉಕ್ಕಿನ ಚಿಕ್ಕ ತುಂಡೊಂದು ಕೂತಿರುತ್ತದೆ. ಚಕ್ರವನ್ನು ಹಿಡಿದಿರುವುದು ಈ ಕೀ ಎಂದೇ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಕೀ ಚಕ್ರದ ಸ್ಥಾನ ತೋರಿಸುತ್ತದೆ ಅಷ್ಟೆ. ಭಾರ ಹೊರುವುದು ಟೇಪರಿನ ಬಿಗಿತ. ನಟ್ಟು ಸಡಿಲಾಗಿ ಆ ಬಿಗಿತ ತಪ್ಪಿದಾಗ ಭಾರವೆಲ್ಲ ಕೀ ಮೇಲೆ ಬೀಳುತ್ತದೆ. ಅದು ಜಜ್ಜುತ್ತದೆ, ಗಾಡಿ ಅಗಲವಾಗುತ್ತದೆ, ಆ ಮೂಲೆಯಿಂದಲೇ ಚಕ್ರಕ್ಕೆ ಬಿರುಕು ಹುಟ್ಟುತ್ತದೆ. ಹೊಸ ಕೀ ಬಡಿದು ರಿಪೇರಿಯಾಯಿತೆನ್ನುವವರ ಯಂತ್ರ ಮತ್ತೆ ಮತ್ತೆ ಕೆಡುವುದು ಇದರಿಂದಲೇ.

ಬೇಕಾಗುವ ಸಾಮಾನು

ನಟ್ಟಿಗೆ ಸರಿಯಾಗಿ ಕೂಡುವ, ಸುತ್ತಿಗೆಯಿಂದ ಬಡಿಯಬಹುದಾದ ದಪ್ಪ ರಿಂಗ್ ಪಾನಾ. ಚಕ್ರ ಎಳೆಯುವ ಪುಲ್ಲರ್. ಬಿಗಿ ಅಳೆಯುವ ಟಾರ್ಕ್ ಪಾನಾ. ಉಳಿ, ಸುತ್ತಿಗೆ, ನಯವಾದ ಎಮರಿ ಕಾಗದ, ಡೀಜೆಲ್, ಒಣ ಬಟ್ಟೆ. ಹೊಸ ಕೀ ಮತ್ತು ಹೊಸ ಲಾಕ್ ವಾಶರು. ಪುಲ್ಲರ್ ಮತ್ತು ಟಾರ್ಕ್ ಪಾನಾಗಳನ್ನು ಒಬ್ಬೊಬ್ಬರೇ ಕೊಳ್ಳಬೇಕಿಲ್ಲ. ನಾಲ್ಕು ಮನೆಯವರು ಕೂಡಿ ಒಂದು ಜೊತೆ ಇಟ್ಟುಕೊಂಡರೆ ಸಾಕು. ಯಂತ್ರದ ಪುಸ್ತಕ ಇಂಗ್ಲಿಷಿನಲ್ಲಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಅವರ ಓದೂ ಸಾರ್ಥಕವಾಗುತ್ತದೆ.

ಬಿಚ್ಚುವ ಕ್ರಮ

೧. ಟಿಲ್ಲರನ್ನು ಸಮನೆಲದಲ್ಲಿ ನಿಲ್ಲಿಸಿ ಗಾಲಿಗಳಿಗೆ ಕಲ್ಲು ಕೊಡಿರಿ. ಎಂಜಿನು ತಣ್ಣಗಾಗಲಿ. ಡೀಜೆಲಿನ ಚಾವಿ ಮುಚ್ಚಿರಿ. ಸೆಲ್ಫ್ ಇದ್ದರೆ ಬ್ಯಾಟರಿಯ ತಂತಿ ಕಳಚಿರಿ.

೨. ಬೆಲ್ಟಿನ ಮುಚ್ಚಳ, ಬೆಲ್ಟುಗಳು, ಚಕ್ರಕ್ಕೆ ಹಿಡಿಸಿದ ಪುಲಿ ಇವನ್ನು ಕ್ರಮವಾಗಿ ತೆಗೆದು, ತೆಗೆದ ವರಸೆಯಲ್ಲೇ ತಟ್ಟೆಯಲ್ಲಿ ಇಡಿರಿ.

೩. ಲಾಕ್ ವಾಶರಿನ ಮಡಿಸಿದ ಕಿವಿಯನ್ನು ಉಳಿಯಿಂದ ನೆಟ್ಟಗೆ ಮಾಡಿರಿ. ನಟ್ಟಿನ ಹಲ್ಲು ಬಲಕ್ಕಿದೆಯೋ ಎಡಕ್ಕಿದೆಯೋ ಪುಸ್ತಕ ನೋಡಿ ಖಚಿತ ಮಾಡಿಕೊಂಡ ಮೇಲೆಯೇ ಪಾನಾ ಹಾಕಿ ಗಟ್ಟಿಯಾಗಿ ಒಂದೆರಡು ಏಟು ಕೊಡಿರಿ. ಚಕ್ರ ತಿರುಗದಂತೆ ಹಾರೆ ಸಿಕ್ಕಿಸುವುದು ಬೇಡ. ಭಾರದ ವಸ್ತು ಥಟ್ಟನೆ ಅಲುಗದು. ಏಟು ಚುರುಕಾಗಿದ್ದರೆ ಚಕ್ರ ತನ್ನ ಭಾರದಿಂದಲೇ ನಿಂತು, ನಟ್ಟು ಮಾತ್ರ ತಿರುಗುತ್ತದೆ.

೪. ನಟ್ಟನ್ನು ಪೂರ್ತಿ ತೆಗೆಯಬೇಡಿರಿ. ಎರಡು ಮೂರು ಸುತ್ತು ಸಡಿಲಿಸಿ ದಂಡದಲ್ಲೇ ಬಿಡಿರಿ. ಟೇಪರಿನಿಂದ ಬಿಡಿಸಿಕೊಂಡ ಚಕ್ರ ಒಮ್ಮೆಲೇ ಹಾರಿ ಬರುತ್ತದೆ; ನಟ್ಟು ಇದ್ದರೆ ತಡೆಯುತ್ತದೆ, ಇಲ್ಲದಿದ್ದರೆ ನಿಮ್ಮ ಕಾಲ ಮೇಲೆ ಬೀಳುತ್ತದೆ. ಈ ಒಂದು ಮಾತನ್ನು ಯಾರೂ ಮರೆಯಬಾರದು.

೫. ಚಕ್ರದ ರಂಧ್ರಗಳಿಗೆ ಪುಲ್ಲರಿನ ಬೋಲ್ಟುಗಳನ್ನು ಸಮನಾಗಿ ಹಿಡಿಸಿ, ನಡುವಿನ ತಿರುಪನ್ನು ಬಿಗಿ ಮಾಡಿರಿ. ಬಾರದಿದ್ದರೆ ಆ ನಡುವಿನ ತಿರುಪಿನ ತಲೆಗೆ ಒಂದು ಏಟು. ಮತ್ತೆ ಸ್ವಲ್ಪ ಬಿಗಿ, ಮತ್ತೊಂದು ಏಟು. ಚಕ್ರದ ಹಿಂದೆ ಹಾರೆ ಹಾಕಿ ಮೀಟಿದರೆ ಎಂಜಿನಿನ ಗೋಡೆ ಒಡೆದೀತು; ಬೆಂಕಿ ತಾಗಿಸಿದರೆ ಹಿಂದಿನ ಎಣ್ಣೆ ಸೀಲು ಸುಟ್ಟೀತು. ಚಕ್ರದ ಅಂಚಿಗಂತೂ ಸುತ್ತಿಗೆ ಮುಟ್ಟಿಸಲೇಬಾರದು.

ಪರೀಕ್ಷೆ

ಸಂತೆಯಲ್ಲಿ ಗಡಿಗೆ ಕೊಳ್ಳುವಾಗ ಬೆರಳಿನಿಂದ ಬಾರಿಸಿ ನೋಡುತ್ತೇವಷ್ಟೆ. ಚಕ್ರವನ್ನೂ ಹಗ್ಗದಲ್ಲಿ ತೂಗುಹಾಕಿ ಮೆಲ್ಲಗೆ ತಟ್ಟಿರಿ. ಗಂಟೆಯ ದನಿ ಬಂದರೆ ಒಳ್ಳೆಯದು, ಒಡಕು ದನಿ ಬಂದರೆ ಬಿರುಕಿದೆ. ಇನ್ನೂ ಸಂಶಯವಿದ್ದರೆ ಡೀಜೆಲ್ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒಣಗುವಂತೆ ಒರೆಸಿ, ಸುಣ್ಣದ ಬಳಪದ ಹುಡಿ ಹಚ್ಚಿರಿ. ಬಿರುಕಿನೊಳಗಿದ್ದ ಎಣ್ಣೆ ಹೊರಬಂದು ಗೆರೆ ತೋರಿಸುತ್ತದೆ. ಬಿರಿದ ಚಕ್ರಕ್ಕೆ ವೆಲ್ಡಿಂಗು ಮಾಡಿಸಬೇಡಿರಿ. ಅದು ಗುಜರಿಗೆ ಸೇರಿದ್ದು. ಬೇರೆ ಮಾದರಿಯ ಚಕ್ರ ರಂಧ್ರಕ್ಕೆ ಕೂತರೂ ಹಾಕಬಾರದು. ಅದರ ತೂಕದ ಹಂಚಿಕೆಯೂ ಎಂಜಿನಿನ ಸಮಯ ತೋರುವ ಗುರುತುಗಳೂ ಬೇರೆಯಿರಬಹುದು. ಹಳೆಯದನ್ನು ಅಂಗಡಿಗೆ ಒಯ್ದು ನಂಬರೂ ಗುರುತೂ ಹೋಲಿಸಿ ತನ್ನಿರಿ.

ದಂಡದ ಟೇಪರಿನಲ್ಲಿ ಆಳವಾದ ಗೀರು, ಅಗಲವಾದ ಗಾಡಿ ಅಥವಾ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸಿರಿ. ಅದು ಲೇತ್ ಯಂತ್ರವಿರುವ ವರ್ಕ್‌ಶಾಪಿನ ಕೆಲಸ, ಅಂಗಳದ್ದಲ್ಲ.

ಕೂಡಿಸುವ ಕ್ರಮ

ಟೇಪರನ್ನೂ ಚಕ್ರದ ರಂಧ್ರವನ್ನೂ ಡೀಜೆಲಿನಿಂದ ತೊಳೆದು, ತುಕ್ಕಿದ್ದರೆ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿರಿ. ದೀಪದ ಮಸಿಯನ್ನು ಒಂದು ಹನಿ ಎಣ್ಣೆಯಲ್ಲಿ ಕಲಸಿ ದಂಡಕ್ಕೆ ತೆಳ್ಳಗೆ ಹಚ್ಚಿ, ಕೀ ಇಲ್ಲದೆ ಚಕ್ರವನ್ನು ಒಮ್ಮೆ ಒತ್ತಿ ತೆಗೆಯಿರಿ. ಚಕ್ರದ ರಂಧ್ರದೊಳಗೆ ಮುಕ್ಕಾಲು ಪಾಲಾದರೂ ಮಸಿ ಸಮನಾಗಿ ಹತ್ತಿರಬೇಕು. ಅಲ್ಲಲ್ಲಿ ಮಾತ್ರ ಹತ್ತಿದ್ದರೆ ವಾಲ್ವ್ ಉಜ್ಜುವ ಪೇಸ್ಟು ಹಚ್ಚಿ, ಎಣ್ಣೆ ಸೀಲಿಗೆ ಬಟ್ಟೆ ಕಟ್ಟಿ, ಚಕ್ರವನ್ನು ಆಚೆ ಈಚೆ ಸ್ವಲ್ಪವೇ ಆಡಿಸಿ ಕೂಡಿಸಬಹುದು.

ಆಮೇಲೆ ಮಸಿ, ಪೇಸ್ಟು, ಎಣ್ಣೆ ಯಾವುದೂ ಉಳಿಯದಂತೆ ತೊಳೆದು ಒಣಗಿಸಿರಿ. ಟೇಪರಿಗೆ ಗ್ರೀಸು ಹಚ್ಚಬಾರದು. ಕೀಯನ್ನು ದಂಡದ ಗಾಡಿಯಲ್ಲಿ ಪೂರಾ ಕೂರಿಸಿ ಚಕ್ರ ಏರಿಸಿರಿ. ಕೀಯ ನೆತ್ತಿ ಚಕ್ರದ ಗಾಡಿಗೆ ತಾಗಬಾರದು. ತಾಗಿದರೆ ಟೇಪರು ಬಿಗಿಯಾಗಲಾರದು. ಹೊಸ ಲಾಕ್ ವಾಶರು ಹಾಕಿ, ಪುಸ್ತಕದಲ್ಲಿ ಹೇಳಿದ ಅಳತೆಗೆ ಟಾರ್ಕ್ ಪಾನಾದಿಂದ ಬಿಗಿ ಮಾಡಿ, ಕಿವಿ ಮಡಿಸಿರಿ.

ಚೌಕಟ್ಟಿಗೆ ಒಂದು ತಂತಿ ಕಟ್ಟಿ, ಅದರ ತುದಿ ಚಕ್ರದ ಮುಖಕ್ಕೆ ತಾಗುವಂತೆ ತಾಗದಂತೆ ಇರಿಸಿ, ಕೈಯಿಂದ ಚಕ್ರ ತಿರುಗಿಸಿರಿ. ಸುತ್ತಲೂ ಸಂದು ಒಂದೇ ಸಮನಿದ್ದರೆ ಚಕ್ರ ನೆಟ್ಟಗೆ ಕೂತಿದೆ. ಪುಲಿ, ಬೆಲ್ಟು, ಮುಚ್ಚಳ ಎಲ್ಲವನ್ನೂ ಹಾಕಿಯೇ ಎಂಜಿನು ಚಾಲೂ ಮಾಡಿರಿ. ಮೊದಲು ಹತ್ತು ನಿಮಿಷ ನಿಧಾನಗತಿಯಲ್ಲಿ ಓಡಲಿ. ಆಗ ಚಕ್ರದ ಎದುರಿಗೂ ಅದರ ಸಾಲಿನಲ್ಲಿ ಹಿಂದುಮುಂದಿಗೂ ಯಾರೂ ನಿಲ್ಲಬಾರದು, ಮಕ್ಕಳಂತೂ ಹತ್ತಿರ ಸುಳಿಯಬಾರದು. ಮೊದಲ ದಿನದ ಕೆಲಸವಾದ ಮೇಲೆ ನಟ್ಟಿನ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿರಿ.

ಕಾರು, ಜೀಪುಗಳಿಗೂ ಹೀಗೆಯೇ ಮಾಡಬಹುದೇ ಎಂದು ಕೆಲವರು ಕೇಳಬಹುದು. ಅಲ್ಲಿ ಫ್ಲೈವೀಲು ಎಂಜಿನಿಗೂ ಗೇರು ಪೆಟ್ಟಿಗೆಗೂ ನಡುವೆ ಅಡಗಿರುತ್ತದೆ, ಟೇಪರಿನ ಬದಲು ಬೋಲ್ಟುಗಳ ಬಳೆಯಿಂದ ಹಿಡಿದಿರುತ್ತದೆ. ಗಾಡಿಯನ್ನು ಎತ್ತಿ ನಿಲ್ಲಿಸಿ, ಗೇರು ಪೆಟ್ಟಿಗೆಯನ್ನೂ ಕ್ಲಚ್ಚನ್ನೂ ಇಳಿಸಿದ ಮೇಲಲ್ಲದೆ ಅದು ಕಣ್ಣಿಗೂ ಬೀಳದು. ತಕ್ಕ ಸ್ಟ್ಯಾಂಡುಗಳೂ ಪಳಗಿದ ಕೈಯೂ ಇಲ್ಲದೆ, ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ನುಗ್ಗುವುದು ಜೀವದೊಡನೆ ಆಟ. ಟಿಲ್ಲರಿನಲ್ಲಿ ಚಕ್ರ ಹೊರಗಿದೆ. ಆದುದರಿಂದಲೇ ಒಕ್ಕಲಿಗನ ಕೈಗೆ ಎಟುಕುತ್ತದೆ.

ಈ ಕೆಲಸವನ್ನು ಜೂನಿನ ಮೊದಲ ಮಳೆಗೆ ಕಾಯಿಸದೆ, ಬೇಸಗೆಯ ಬಿಡುವಿನಲ್ಲಿ ನಟ್ಟಿನ ಸುತ್ತ ಕೆಂಪು ಹುಡಿ ಇದೆಯೇ ಎಂದು ಒಮ್ಮೆ ನೋಡಿಕೊಳ್ಳುವುದು ಎಲ್ಲರಿಗೂ ಲೇಸು.