ದುಬೈಗೆ ಬಂದ ಒಎಂಆರ್ ಹಾಳೆ

2021ರ ಸೆಪ್ಟೆಂಬರ್ 12, ಭಾನುವಾರ. ಭಾರತದಲ್ಲಿ ರಜೆ, ದುಬೈಯಲ್ಲಿ ವಾರದ ಮೊದಲ ಕೆಲಸದ ದಿನ. ಯುಎಇಯಲ್ಲಿ ಆಗಿನ್ನೂ ಶುಕ್ರವಾರ, ಶನಿವಾರವೇ ವಾರದ ರಜೆ. ಅಂದು ಊದ್ ಮೇಥಾದ ಇಂಡಿಯನ್ ಹೈಸ್ಕೂಲಿನಲ್ಲಿ ಮಧ್ಯಾಹ್ನ 12.30ಕ್ಕೆ, ಅಂದರೆ ಬೆಂಗಳೂರಿನಲ್ಲಿ ಎರಡು ಗಂಟೆಯಾಗುವ ಹೊತ್ತಿಗೆ ಸರಿಯಾಗಿ, ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆ ಶುರುವಾಯಿತು. ಮೂರು ಗಂಟೆ ಸಮಯ, ಒಂದು ಪ್ರಶ್ನೆಪುಸ್ತಿಕೆ, ಉತ್ತರದ ವೃತ್ತ ತುಂಬಲು ಒಂದು ಒಎಂಆರ್ ಹಾಳೆ, ಕಪ್ಪು ಬಾಲ್‌ಪಾಯಿಂಟ್ ಪೆನ್ನು. ಕನ್ನಡದ ಪ್ರಶ್ನೆಪುಸ್ತಿಕೆ ಬೇಕೆನ್ನುವವರು ಕರ್ನಾಟಕದ ಕೇಂದ್ರಕ್ಕೇ ಹೋಗಬೇಕಿತ್ತು. ಇಲ್ಲಿ ಅದು ಸಿಗುತ್ತಿರಲಿಲ್ಲ. ಆದರೂ ಕೊಲ್ಲಿಯ ಭಾರತೀಯ ಕುಟುಂಬಗಳಿಗೆ ಅದು ದೊಡ್ಡ ದಿನವೇ. ನೀಟ್ ದೇಶದ ಗಡಿ ದಾಟಿದ್ದು ಅದೇ ಮೊದಲು, ಕುವೈತ್ ಮತ್ತು ದುಬೈಗೆ.

ಅದರ ಹಿಂದಿನ ವರ್ಷದ ಕಥೆ ಬೇರೆ. ಕೋವಿಡ್ ಕಾಲ, ವಿಮಾನಗಳಿಲ್ಲ, ಊರಿಗೆ ಹೋದರೆ ಕ್ವಾರಂಟೈನ್. ಕೊಲ್ಲಿಯಲ್ಲೇ ಕೇಂದ್ರ ತೆರೆಯಿರಿ ಎಂದು ಪೋಷಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 2020ರ ಆಗಸ್ಟ್ 24ರಂದು ಕೋರ್ಟ್ ಒಪ್ಪಲಿಲ್ಲ. ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುತ್ತಿದ್ದ ವಂದೇ ಭಾರತ್ ವಿಮಾನಗಳಲ್ಲಿ ಮಕ್ಕಳು ಬರಲಿ, ಅದಕ್ಕೆ ಅನುವು ಮಾಡಿಕೊಡಿ ಎಂದು ಸರ್ಕಾರಕ್ಕೆ ಹೇಳಿತು. ವೈದ್ಯಕೀಯ ಮಂಡಳಿಯ ವಾದ ಸರಳವಾಗಿತ್ತು: ಇದು ಕಾಗದದ ಪರೀಕ್ಷೆ, ಎಲ್ಲ ಕಡೆ ಒಂದೇ ದಿನ, ಒಂದೇ ಪಾಳಿಯಲ್ಲಿ ನಡೆಯಬೇಕು, ಹೊರದೇಶದಲ್ಲಿ ಆಗದ ಮಾತು. ಅದೇ ಹೊತ್ತಿಗೆ ಎಂಜಿನಿಯರಿಂಗ್ ಓದಬೇಕೆಂದಿದ್ದ ಅಕ್ಕಪಕ್ಕದ ಮನೆಯ ಮಕ್ಕಳಿಗೆ ಈ ತಾಪತ್ರಯವೇ ಇರಲಿಲ್ಲ. ಜೆಇಇ ಮೇನ್ ಕಂಪ್ಯೂಟರ್ ಪರೀಕ್ಷೆ. ಅದಕ್ಕೆ ಹೊರದೇಶದ ಕೇಂದ್ರಗಳು ಮೊದಲೇ ಇದ್ದವು. ಪರೀಕ್ಷೆ ತಂತಿಯಲ್ಲಿ ಹೋಗುತ್ತದೋ ವಿಮಾನ ಹತ್ತಬೇಕೋ ಎಂಬುದರ ಮೇಲೆ ಒಂದು ಮನೆಯ ಇಡೀ ಬೇಸಿಗೆ ನಿಂತಿತ್ತು.

ವಿಚಿತ್ರವೆಂದರೆ, ಆ ಒಎಂಆರ್ ಹಾಳೆ ಹುಟ್ಟಿದ್ದೇ ಕೆಲಸ ಹಗುರ ಮಾಡಲು.

ಬಹು ಆಯ್ಕೆಯ ಪ್ರಶ್ನೆಗೆ ನೂರು ವರ್ಷ ದಾಟಿದೆ. ಅಮೆರಿಕದ ಕಾನ್ಸಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎಂಬ ಶಿಕ್ಷಣ ತಜ್ಞ 1915ರ ಹೊತ್ತಿಗೆ ಮಕ್ಕಳ ಮೌನ ಓದನ್ನು ಅಳೆಯಲು ಇಂಥದ್ದೊಂದು ಪರೀಕ್ಷೆ ರೂಪಿಸಿದ. ಒಬ್ಬ ಮೇಷ್ಟ್ರು ಕೊಟ್ಟ ಅಂಕ ಇನ್ನೊಬ್ಬರ ಕೈಯಲ್ಲಿ ಬದಲಾಗಬಾರದು ಎನ್ನುವುದು ಅವನ ಉದ್ದೇಶ. ಎರಡೇ ವರ್ಷದಲ್ಲಿ ಮೊದಲ ಮಹಾಯುದ್ಧಕ್ಕೆ ಸೇನೆ ಸೇರುವವರನ್ನು ವಿಂಗಡಿಸಲು ಅಮೆರಿಕದ ಸೇನೆ ಇದೇ ದಾರಿ ಹಿಡಿಯಿತು. ಪರೀಕ್ಷೆ ಬರೆದವರು ಲಕ್ಷಗಟ್ಟಲೆ, ಆದರೆ ತಿದ್ದುವುದು ಮಾತ್ರ ಕೈಯಲ್ಲೇ. ತೂತು ಕೊರೆದ ಅಚ್ಚುಹಾಳೆಯನ್ನು ಉತ್ತರಪತ್ರಿಕೆಯ ಮೇಲಿಟ್ಟು ಎಣಿಸುತ್ತ ಕೂರಬೇಕು.

ಯಂತ್ರ ಬಂದದ್ದು ಒಬ್ಬ ಮೇಷ್ಟ್ರಿಂದಲೇ. ರೆನಾಲ್ಡ್ ಜಾನ್ಸನ್ ಮಿಷಿಗನ್ನಿನ ಐರನ್‌ವುಡ್ ಎಂಬ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ. ಹುಡುಗನಾಗಿದ್ದಾಗ ಅವನದೊಂದು ಕಿತಾಪತಿ ಇತ್ತು: ಅಕ್ಕಂದಿರನ್ನು ನೋಡಲು ಬರುತ್ತಿದ್ದ ಯುವಕರ ಕಾರಿನ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲಿನಿಂದ ಗೀಚಿಬಿಡುವುದು. ಪೆನ್ಸಿಲಿನ ಗ್ರಾಫೈಟ್ ವಿದ್ಯುತ್ತನ್ನು ಹರಿಯಬಿಡುತ್ತದೆ, ಕಿಡಿ ಹಾರುವುದಿಲ್ಲ, ಕಾರು ಹೊರಡುವುದಿಲ್ಲ. ಅದೇ ಗುಣವನ್ನು ದೊಡ್ಡವನಾದ ಮೇಲೆ ಉತ್ತರಪತ್ರಿಕೆಗೆ ಹಚ್ಚಿದ. ಪೆನ್ಸಿಲ್ ಗುರುತಿದ್ದಲ್ಲಿ ವಿದ್ಯುತ್ ಹರಿಯುತ್ತದೆ. ಹರಿದ ಕರೆಂಟು ಎಷ್ಟೆಂದು ಅಳೆದರೆ ಅದೇ ಅಂಕ. ಮೊದಲು ಬೇಡವೆಂದ ಐಬಿಎಂ ಕಂಪನಿ 1934ರಲ್ಲಿ ಅವನನ್ನು ಕೆಲಸಕ್ಕೇ ಸೇರಿಸಿಕೊಂಡಿತು. ಆ ದಶಕ ಮುಗಿಯುವ ಮೊದಲೇ ‘ಐಬಿಎಂ 805’ ಮಾರುಕಟ್ಟೆಗೆ ಬಂತು. ಪಳಗಿದ ಕೈಯಾದರೆ ಗಂಟೆಗೆ ಸುಮಾರು 800 ಹಾಳೆ ತಿದ್ದಬಹುದಿತ್ತು. ಮೇಷ್ಟ್ರ ಸಾಹಸ ಅಲ್ಲಿಗೇ ನಿಲ್ಲಲಿಲ್ಲ: 1956ರಲ್ಲಿ ಐಬಿಎಂ ಹೊರತಂದ ಮೊದಲ ಹಾರ್ಡ್ ಡಿಸ್ಕ್ ಘಟಕದ ತಂಡಕ್ಕೂ ಅವನೇ ಮುಂದಾಳು. ಇವತ್ತು ಸ್ಕ್ಯಾನ್ ಮಾಡಿದ ಉತ್ತರಪತ್ರಿಕೆಗಳನ್ನು ಡಿಸ್ಕಿನಲ್ಲಿ ಕೂಡಿಡುವ ವಿಶ್ವವಿದ್ಯಾಲಯಗಳು ಅವನಿಗೆ ಎರಡು ಸಲ ಋಣಿ.

ಮುಂದಿನ ಹೆಜ್ಜೆ ಅಯೋವಾ ವಿಶ್ವವಿದ್ಯಾಲಯದ ಇ.ಎಫ್. ಲಿಂಡ್‌ಕ್ವಿಸ್ಟ್ ಅವರದು. 1950ರ ದಶಕದಲ್ಲಿ ಅವರು ವಿದ್ಯುತ್ತನ್ನು ಬಿಟ್ಟು ಬೆಳಕಿಗೆ ಬಂದರು. ಹಾಳೆಗೆ ಬೆಳಕು ಬಿಟ್ಟು ಎಲ್ಲಿ ಕಪ್ಪಿದೆ ಎಂದು ನೋಡುವ ಯಂತ್ರ ಅದು. ನಾವು ಒಎಂಆರ್ ಎನ್ನುವುದು ಇದನ್ನೇ. 1972ರಲ್ಲಿ ಶುರುವಾದ ಸ್ಕ್ಯಾನ್‌ಟ್ರಾನ್ ಕಂಪನಿ ಸಣ್ಣ ಯಂತ್ರಗಳನ್ನು ಶಾಲೆ ಶಾಲೆಗೂ ತಲುಪಿಸಿತು.

ಭಾರತದಲ್ಲಿ ಕ್ರಮೇಣ ಪೆನ್ಸಿಲ್ ಜಾಗಕ್ಕೆ ಪೆನ್ನು ಬಂತು. ಕಾರಣ ತಂತ್ರಜ್ಞಾನವಲ್ಲ, ಅಪನಂಬಿಕೆ. ಪೆನ್ಸಿಲಾದರೆ ಅಳಿಸಬಹುದು, ಬರೆದವನೂ ಅಳಿಸಬಹುದು, ಬರೆಯದವನೂ ಅಳಿಸಬಹುದು. 1994ರಲ್ಲಿ ಸಿಇಟಿ ಆರಂಭವಾದ ಮೇಲೆ ಕರ್ನಾಟಕದ ಮಧ್ಯಮ ವರ್ಗದ ಮನೆಗಳಲ್ಲಿ ‘ವೃತ್ತ ತುಂಬುವುದು’ ಎನ್ನುವುದೇ ಒಂದು ವಿದ್ಯೆಯಾಯಿತು: ಗೆರೆ ದಾಟಬಾರದು, ಎರಡು ತುಂಬಬಾರದು, ವರ್ಷನ್ ಕೋಡ್ ಮರೆಯಬಾರದು. ಒಂದೊಂದು ವಿಷಯದ 60 ಪ್ರಶ್ನೆಗೆ 80 ನಿಮಿಷ. ಕೋವಿಡ್ ವರ್ಷದಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳೂ ಇದನ್ನು ಕಲಿತರು. 2021ರ ಜುಲೈ 19 ಮತ್ತು 22ರಂದು, ಎರಡೇ ದಿನದಲ್ಲಿ, ಆರೂ ವಿಷಯಗಳ ಪರೀಕ್ಷೆ ಒಎಂಆರ್ ಹಾಳೆಯಲ್ಲಿ ಮುಗಿಯಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಹಾಳೆಯ ಇನ್ನೊಂದು ಮುಖವೂ ಕಂಡಿತು. 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆದು ಆಯ್ಕೆ ಪಟ್ಟಿ ಹೊರಬಂದ ಮೇಲೆ ಒಬ್ಬ ಅಭ್ಯರ್ಥಿಯ ಒಎಂಆರ್ ಹಾಳೆಯ ಕಾರ್ಬನ್ ಪ್ರತಿ ಹರಿದಾಡಿತು. ಅದರಲ್ಲಿ ತುಂಬಿದ್ದು ಬೆರಳೆಣಿಕೆಯಷ್ಟು ವೃತ್ತ, ಪಟ್ಟಿಯಲ್ಲಿ ಬಂದಿದ್ದು ನೂರಕ್ಕೂ ಹೆಚ್ಚು ಅಂಕ. ಸಿಐಡಿ ತನಿಖೆ ನೇಮಕಾತಿ ವಿಭಾಗದ ಎಡಿಜಿಪಿಯ ಬಂಧನದವರೆಗೂ ಹೋಯಿತು. ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆಯುವಷ್ಟರಲ್ಲಿ 2024ರ ಜನವರಿ ಬಂದಿತ್ತು. ಯಂತ್ರ ಇಲ್ಲಿ ಒಂದಂಕವನ್ನೂ ತಪ್ಪು ಕೂಡಿಸಿರಲಿಲ್ಲ. ತನ್ನ ಮುಂದಿಟ್ಟ ಹಾಳೆಯನ್ನು ಅದು ನಿಷ್ಠೆಯಿಂದ ಓದಿತ್ತು. ಖಾಲಿ ಬಿಟ್ಟ ವೃತ್ತವೇ ಆಮಿಷ ಎಂಬುದು ಆಡಳಿತಕ್ಕೂ ಅರ್ಥವಾಗಿ, ನೇಮಕಾತಿ ಪರೀಕ್ಷೆಗಳ ಹಾಳೆಗೆ ಐದನೆಯ ವೃತ್ತ ಸೇರಿತು. ಉತ್ತರ ಗೊತ್ತಿಲ್ಲವೇ? ಗೊತ್ತಿಲ್ಲವೆಂಬುದನ್ನೂ ಶಾಯಿಯಲ್ಲಿ ತುಂಬಿ ಬನ್ನಿ.

ಗುರುತು ಓದುವ ಸಮಸ್ಯೆಯನ್ನು ಜಾನ್ಸನ್ ಮೇಷ್ಟ್ರು ತೊಂಬತ್ತು ವರ್ಷದ ಹಿಂದೆಯೇ ಬಿಡಿಸಿಯಾಗಿದೆ. ಈ ಗುರುತು ಯಾರದ್ದು, ಅವರೇ ಹಾಕಿದ್ದೇ, ಯಾವಾಗ ಹಾಕಿದ್ದು? ತಲೆನೋವು ಅಲ್ಲಿಂದ ಇಲ್ಲಿಯವರೆಗೂ ಅದೊಂದೇ.

ಲಕ್ಷಗಟ್ಟಲೆ ಮಂದಿಯ ಪರೀಕ್ಷೆ ಬಿಟ್ಟು ಒಂದು ತರಗತಿಯ ಮಟ್ಟಕ್ಕೆ ಇಳಿದರೆ ಚಿತ್ರವೇ ಬೇರೆ. ಯುಎಇಯನ್ನೇ ನೋಡಿ: ಅಲ್ಲಿನ ಉನ್ನತ ಶಿಕ್ಷಣ ಬಹಳ ಹಳೆಯದಲ್ಲ. ಅಲ್ ಐನ್‌ನಲ್ಲಿ ಯುಎಇ ವಿಶ್ವವಿದ್ಯಾಲಯ ತೆರೆದದ್ದು 1976ರಲ್ಲಿ, ಜಾಯೆದ್ ವಿಶ್ವವಿದ್ಯಾಲಯ 1998ರಲ್ಲಿ. ಮಣಿಪಾಲದ ದುಬೈ ಕ್ಯಾಂಪಸ್ ಮತ್ತು ಬಿಟ್ಸ್ ಪಿಲಾನಿಯ ದುಬೈ ಕ್ಯಾಂಪಸ್ ಎರಡೂ 2000ದಲ್ಲಿ ಶುರುವಾದವು. ಪಕ್ಕದ ಅಜ್ಮಾನ್‌ನಲ್ಲಿ ಗಲ್ಫ್ ಮೆಡಿಕಲ್ ಕಾಲೇಜನ್ನು 1998ರಲ್ಲಿ ಕಟ್ಟಿದವರು ದಕ್ಷಿಣ ಕನ್ನಡದ ತುಂಬೆ ಮೊಯ್ದಿನ್. ನ್ಯೂಯಾರ್ಕ್ ವಿಶ್ವವಿದ್ಯಾಲಯ ಅಬುಧಾಬಿಗೆ ಬಂದದ್ದು 2010ರಲ್ಲಿ. ಹೊಸದಾಗಿ ಶುರುವಾಗುವ ವಿಭಾಗಕ್ಕೆ ವಿಶೇಷ ಒಎಂಆರ್ ಯಂತ್ರ, ಅದಕ್ಕೇ ಒಗ್ಗುವ ಅಚ್ಚಿನ ಹಾಳೆ ಎಂದೆಲ್ಲ ಖರ್ಚು ಮಾಡುವ ಅಗತ್ಯ ಈಗ ಉಳಿದಿಲ್ಲ. ಕಾರಿಡಾರಿನ ಜೆರಾಕ್ಸ್ ಯಂತ್ರವೇ ಸಾಕು. ಅದು ಸ್ಕ್ಯಾನರ್ ಕೂಡ ತಾನೆ?

ಇಂಥ ಕೆಲಸಕ್ಕೆ ಒದಗುವ ಉಚಿತ ತಂತ್ರಾಂಶವೊಂದಿದೆ: ಫ್ರಾನ್ಸಿನ ಅಲೆಕ್ಸಿ ಬಿಯೆನ್ವೆನ್ಯೂ ಬರೆದ ‘ಆಟೋ ಮಲ್ಟಿಪಲ್ ಚಾಯ್ಸ್’. ಅದರ ಜಾಣತನ ಇರುವುದು ಪ್ರಶ್ನೆಪತ್ರಿಕೆ ತಯಾರಾಗುವ ಹಂತದಲ್ಲಿ. ಅಧ್ಯಾಪಕರು ಪ್ರಶ್ನೆಗಳನ್ನು ಒಮ್ಮೆ ಬರೆದರೆ, ಅದು ಪ್ರತಿ ವಿದ್ಯಾರ್ಥಿಗೂ ಬೇರೆ ಬೇರೆ ಪ್ರತಿ ಮಾಡಿಕೊಡುತ್ತದೆ. ನಿಮ್ಮ 3ನೇ ಪ್ರಶ್ನೆ ಪಕ್ಕದವರಿಗೆ 11ನೆಯದು. ನಿಮ್ಮ ‘ಬಿ’ ಅವರಿಗೆ ‘ಡಿ’. ಪುಟದ ನಾಲ್ಕು ಮೂಲೆಯಲ್ಲಿ ನಾಲ್ಕು ಕಪ್ಪು ಚುಕ್ಕಿ, ತಲೆಯ ಮೇಲೆ ಕಪ್ಪು ಬಿಳುಪು ಚೌಕಗಳ ಸಣ್ಣ ಸಾಲು. ಮೂಲೆಯ ಚುಕ್ಕಿ ನೋಡಿ ಸೊಟ್ಟಗೆ ಸ್ಕ್ಯಾನ್ ಆದ ಪುಟವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಚೌಕಗಳ ಸಾಲಿನಿಂದ ಇದು ಎಷ್ಟನೆಯ ಪ್ರತಿ, ಯಾವ ಪುಟ ಎಂದು ತಿಳಿಯುತ್ತದೆ. ಆಮೇಲೆ ಪ್ರತಿ ಖಾನೆಯಲ್ಲೂ ಎಷ್ಟು ಪಾಲು ಕಪ್ಪಿದೆ ಎಂದು ಎಣಿಸುತ್ತದೆ.

ಎಷ್ಟು ಕಪ್ಪಿದ್ದರೆ ಉತ್ತರ? ಇದು ಪ್ರಾಧ್ಯಾಪಕರು ನಿರ್ಧರಿಸಬೇಕಾದ ಮಾತು. ಒಬ್ಬಳು ಖಾನೆಯನ್ನು ಕಪ್ಪಾಗಿ ತುಂಬುತ್ತಾಳೆ, ಇನ್ನೊಬ್ಬ ಒಂದು ಟಿಕ್ ಹಾಕಿ ಮುಂದೆ ಹೋಗುತ್ತಾನೆ. ಮತ್ತೊಬ್ಬ ‘ಎ’ ತುಂಬಿ, ಮನಸ್ಸು ಬದಲಿಸಿ, ರಬ್ಬರಿನಿಂದ ಉಜ್ಜಿ, ‘ಸಿ’ ತುಂಬಿರುತ್ತಾನೆ. ‘ಎ’ ಖಾನೆಯಲ್ಲಿ ಬೂದಿ ಬಣ್ಣದ ಕಲೆ ಉಳಿದಿರುತ್ತದೆ. ಮಿತಿಯನ್ನು ಇಳಿಸಿದರೆ ಕಲೆಯೂ ಉತ್ತರವಾಗುತ್ತದೆ, ಏರಿಸಿದರೆ ಟಿಕ್ ಬಿದ್ದುಹೋಗುತ್ತದೆ. ಕೊನೆಗೆ ಅನುಮಾನದ ಖಾನೆಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಮನುಷ್ಯರೇ ನೋಡಬೇಕು. ಸ್ವಯಂಚಾಲಿತ ಮೌಲ್ಯಮಾಪನ ಎಂದು ನಾವು ಕರೆಯುವ ಕೆಲಸದಲ್ಲಿ ಮೇಷ್ಟ್ರ ಕಣ್ಣು ಬೇಡುವ ಭಾಗ ಇದು. ನೀಟ್‌ನಲ್ಲಿ ಈ ದಾಕ್ಷಿಣ್ಯ ಇಲ್ಲ.

ಹೆಸರಿನದು ಇನ್ನೊಂದು ಫಜೀತಿ. ಯುಎಇಯ ತರಗತಿಯಲ್ಲಿ ಮೊಹಮ್ಮದ್ ಎಂಬ ಹೆಸರಿನವರು ಹಲವರಿರುತ್ತಾರೆ, ಇಂಗ್ಲಿಷಿನಲ್ಲಿ ಒಬ್ಬೊಬ್ಬರ ಕಾಗುಣಿತ ಒಂದೊಂದು ಬಗೆ. ನಮ್ಮ ಮಕ್ಕಳದೂ ಕಡಿಮೆ ಗೊಂದಲವಲ್ಲ: ಶಾಲೆಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು, ಕೆಲವೊಮ್ಮೆ ಊರಿನ ಹೆಸರೂ. ಹಾಗಾಗಿ ಹಾಳೆಯಲ್ಲಿ ಹೆಸರಿಗಿಂತ ವಿದ್ಯಾರ್ಥಿ ಸಂಖ್ಯೆಗೆ ಬೆಲೆ ಹೆಚ್ಚು. ಒಂದೊಂದು ಅಂಕೆಗೂ ಸೊನ್ನೆಯಿಂದ ಒಂಬತ್ತರವರೆಗಿನ ಒಂದು ಕಂಬಸಾಲು. ಒಂದು ಅಂಕೆ ಆಚೀಚೆಯಾದರೆ ಹಾಳೆ ಬೇರೊಬ್ಬರದಾಗುತ್ತದೆ, ಇಲ್ಲವೇ ಯಾರದ್ದೂ ಆಗುವುದಿಲ್ಲ. ಆಗ ಕೈಬರಹದ ಹೆಸರಿನ ಚಿತ್ರವನ್ನು ನೋಡಿ ಹುಡುಕಬೇಕು. ಅರಬಿಯ ಪ್ರಶ್ನೆಪತ್ರಿಕೆಯಾದರೆ ಎಲ್ಲವೂ ಬಲದಿಂದ ಎಡಕ್ಕೆ. ಆಯ್ಕೆಗಳು ಅಲಿಫ್, ಬಾ, ಜೀಮ್, ದಾಲ್. ಇಂಗ್ಲಿಷ್ ಹಾಳೆಯ ಅಚ್ಚಿಟ್ಟು ಓದಿದರೆ ಮೊದಲ ಆಯ್ಕೆ ನಾಲ್ಕನೆಯದಾಗಿಬಿಡುತ್ತದೆ.

ನೀಟ್‌ಗೆ ಮರಳಿದರೆ, 2022ರಲ್ಲಿ ಹೊರದೇಶದ ಕೇಂದ್ರಗಳು 14 ನಗರಗಳಿಗೆ ಏರಿದವು. ಯುಎಇಗೇ ದುಬೈ, ಅಬುಧಾಬಿ, ಶಾರ್ಜಾ ಎಂದು ಮೂರು. ಆ ವರ್ಷದ ಜನವರಿಯಿಂದ ಯುಎಇ ಶನಿವಾರ, ಭಾನುವಾರದ ರಜೆಗೆ ಬದಲಾಗಿದ್ದರಿಂದ ಪರೀಕ್ಷೆಯ ಭಾನುವಾರವೂ ರಜೆಯ ದಿನವೇ ಆಯಿತು. 2024ರ ಫೆಬ್ರುವರಿಯಲ್ಲಿ ಹೊರಬಿದ್ದ ಅಧಿಸೂಚನೆಯಲ್ಲಿ ಮಾತ್ರ ಹೊರದೇಶದ ಒಂದು ನಗರದ ಹೆಸರೂ ಇರಲಿಲ್ಲ. ಅರ್ಜಿ ಹಾಕಲು ಕೂತವರು ಕಂಗಾಲಾದರು, ಗದ್ದಲವಾಯಿತು, ಅದೇ ತಿಂಗಳಲ್ಲಿ 14 ನಗರಗಳೂ ಪಟ್ಟಿಗೆ ಮರಳಿದವು.

ಆ ವರ್ಷದ ಪರೀಕ್ಷೆ ಪತ್ರಿಕೆ ಸೋರಿಕೆಯ ಪ್ರಕರಣದಲ್ಲಿ ಸಿಕ್ಕಿಕೊಂಡದ್ದು ಎಲ್ಲರಿಗೂ ಗೊತ್ತು. ಸೋರಿದ್ದು ಉತ್ತರದ ಹಾಳೆಯಲ್ಲ, ಪ್ರಶ್ನೆಪತ್ರಿಕೆ, ಅದೂ ಕೇಂದ್ರಕ್ಕೆ ಬಂದ ಪೆಟ್ಟಿಗೆಯಿಂದ. ಇಸ್ರೊದ ಮಾಜಿ ಅಧ್ಯಕ್ಷ ಕೆ. ರಾಧಾಕೃಷ್ಣನ್ ನೇತೃತ್ವದ ಸಮಿತಿ ಸಾಧ್ಯವಿದ್ದಲ್ಲೆಲ್ಲ ಕಂಪ್ಯೂಟರ್ ಪರೀಕ್ಷೆಗೆ ಹೋಗಿ ಎಂದಿತು. ಹೋಗಲಾಗದ ಕಡೆಗೆ ನಡುವಿನ ದಾರಿಯೊಂದನ್ನೂ ಸೂಚಿಸಿತು: ಪ್ರಶ್ನೆಪತ್ರಿಕೆಯನ್ನು ಗೂಢಲಿಪಿಯಲ್ಲಿ ಕೇಂದ್ರಕ್ಕೆ ಕಳಿಸಿ ಅಲ್ಲೇ ಅಚ್ಚು ಹಾಕುವುದು, ಉತ್ತರವನ್ನು ಮಾಮೂಲಿನಂತೆ ಒಎಂಆರ್ ಹಾಳೆಯಲ್ಲಿ ತುಂಬಿಸುವುದು. ದುಬೈ, ಅಬುಧಾಬಿಯಂಥ ಕೇಂದ್ರಗಳಿಗೆ ಇದು ಹೇಳಿ ಮಾಡಿಸಿದಂತಿದೆ. ಪ್ರಶ್ನೆಪತ್ರಿಕೆಯ ಪೆಟ್ಟಿಗೆ ವಿಮಾನದಲ್ಲಿ ಬರಬೇಕಿಲ್ಲ. ಅಚ್ಚಿನ ಯಂತ್ರ ಇಟ್ಟ ಕೋಣೆಯಲ್ಲೇ ಒಂದು ಸ್ಕ್ಯಾನರನ್ನೂ ಇಟ್ಟರೆ, ಮಕ್ಕಳು ಕೊಠಡಿಯಿಂದ ಹೊರಬೀಳುವ ಮೊದಲೇ ಹಾಳೆಯ ಚಿತ್ರ ದೆಹಲಿ ಸೇರಿರುತ್ತದೆ. ಮೂಲ ಹಾಳೆ ಮಾತ್ರ ಮೊಹರು ಹಾಕಿದ ಲಕೋಟೆಯಲ್ಲಿ ಮುಂದಿನ ವಿಮಾನ ಹಿಡಿಯಬೇಕು.