ಹೆಳವರ ಹೊತ್ತಿಗೆ ಮತ್ತು ಸಂಶೋಧಕರ ಹೊಣೆ: ಸೇವಾವಂಚಿತ ಸಮುದಾಯಗಳ ಮಾಹಿತಿ ಅಧ್ಯಯನಕ್ಕೆ ಒಂದು ವಿಮರ್ಶಾತ್ಮಕ ವಿಧಾನ

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನದ ಅಧ್ಯಯನಗಳಲ್ಲಿ ‘ಸೇವಾವಂಚಿತ ಸಮುದಾಯ’ ಎಂಬ ಪರಿಕಲ್ಪನೆಯನ್ನು ಸಾಮಾನ್ಯವಾಗಿ ಕೊರತೆಯ ನೆಲೆಯಿಂದಲೇ ವಿವರಿಸಲಾಗುತ್ತದೆ. ಅಕ್ಷರದ ಕೊರತೆ, ಗ್ರಂಥಾಲಯದ ಕೊರತೆ, ಅಂತರ್ಜಾಲದ ಕೊರತೆ ಎಂದು ಪಟ್ಟಿ ಬೆಳೆಯುತ್ತದೆ. ಈ ಕೊರತೆಗಳು ನಿಜವಾದವು, ಅವುಗಳನ್ನು ಅಲ್ಲಗಳೆಯುವಂತಿಲ್ಲ. ಆದರೆ ಕೊರತೆಯನ್ನಷ್ಟೇ ಅಳೆಯುವ ಪ್ರಶ್ನಾವಳಿಯು ಆ ಸಮುದಾಯದ ಬಳಿ ಈಗಾಗಲೇ ಇರುವ ಮಾಹಿತಿ ವ್ಯವಸ್ಥೆಯನ್ನು ಕಾಣಲಾರದು. ಕಾಣದಿದ್ದುದನ್ನು ಇಲ್ಲವೆಂದೇ ಬರೆದುಕೊಳ್ಳುತ್ತದೆ. ಜಾನಪದ ಕ್ಷೇತ್ರಕಾರ್ಯದಲ್ಲಿ ತೊಡಗಿರುವವರಿಗೆ ಈ ತೊಡಕು ಪರಿಚಿತವಾದುದೇ. ಪ್ರಸ್ತುತ ಲೇಖನದಲ್ಲಿ ಉತ್ತರ ಕರ್ನಾಟಕದ ಹೆಳವ ಸಮುದಾಯವನ್ನು ನಿದರ್ಶನವಾಗಿಟ್ಟುಕೊಂಡು, ಇಂತಹ ಸಮುದಾಯಗಳೊಂದಿಗೆ ಕೆಲಸ ಮಾಡುವಾಗ ಅನುಸರಿಸಬೇಕಾದ ವಿಮರ್ಶಾತ್ಮಕ ಸಂಶೋಧನಾ ವಿಧಾನದ ಕೆಲವು ಅಂಶಗಳನ್ನು ವಿವೇಚಿಸಲಾಗಿದೆ.

1. ಹೆಳವರ ಮಾಹಿತಿ ವ್ಯವಸ್ಥೆ

ಹೆಳವರು ವಂಶಾವಳಿ ಹೇಳುವ ಅಲೆಮಾರಿಗಳು. ಎತ್ತಿನ ಮೇಲೆ ಕುಳಿತು ಊರಿಂದೂರಿಗೆ ಬಂದು, ತಮಗೆ ಪರಂಪರೆಯಿಂದ ಹಂಚಿಕೆಯಾಗಿರುವ ಒಕ್ಕಲು ಮನೆತನಗಳ ಮುಂದೆ ಆಯಾ ಮನೆತನದ ಪೀಳಿಗೆಗಳನ್ನು ಹೇಳುವುದು ಅವರ ಕಾಯಕ. ಮನೆತನದ ಮೂಲ ಊರು ಯಾವುದು, ಅಲ್ಲಿಂದ ಯಾರು ಎಲ್ಲಿಗೆ ವಲಸೆ ಬಂದರು, ಬೆಡಗು ಯಾವುದು, ಮನೆದೇವರು ಯಾವುದು, ಯಾರಿಗೆ ಎಷ್ಟು ಜನ ಮಕ್ಕಳು ಎಂಬಿಷ್ಟೂ ವಿವರಗಳು ಅವರ ಹೇಳಿಕೆಯಲ್ಲಿ ಬರುತ್ತವೆ. ಇದರಲ್ಲಿ ಒಂದು ಭಾಗ ನೆನಪಿನಲ್ಲಿದ್ದರೆ ಇನ್ನೊಂದು ಭಾಗ ಕೈಬರಹದ ಹೊತ್ತಿಗೆಗಳಲ್ಲಿದೆ. ವರ್ಷಕ್ಕೊಮ್ಮೆಯೋ ಕೆಲವು ವರ್ಷಗಳಿಗೊಮ್ಮೆಯೋ ಬಂದಾಗ ಹೊಸದಾಗಿ ಹುಟ್ಟಿದವರ ಹೆಸರುಗಳನ್ನು ಸೇರಿಸಿಕೊಳ್ಳುತ್ತಾರೆ. ಪ್ರತಿಯಾಗಿ ಮನೆಯವರು ಕಾಳುಕಡಿ, ಬಟ್ಟೆ, ಹಣ ಕೊಡುತ್ತಾರೆ.

ಮಾಹಿತಿ ವಿಜ್ಞಾನದ ಪರಿಭಾಷೆಯಲ್ಲಿ ನೋಡಿದರೆ ಇಲ್ಲಿ ಸಂಗ್ರಹವಿದೆ, ವರ್ಗೀಕರಣವಿದೆ, ಕಾಲಕಾಲಕ್ಕೆ ಪರಿಷ್ಕರಣೆಯಿದೆ, ಬಳಕೆದಾರರ ಮನೆಬಾಗಿಲಿಗೇ ತಲುಪುವ ಸೇವೆಯಿದೆ. ಒಂದೇ ಬೆಡಗಿನವರಲ್ಲಿ ಮದುವೆ ಕೂಡದೆಂಬ ಕಟ್ಟಳೆಯಿರುವ ಸಮುದಾಯಗಳಲ್ಲಿ ಈ ಮಾಹಿತಿಗೆ ನೇರವಾದ ಉಪಯೋಗವೂ ಇದೆ. ಗುಜರಾತಿನ ವಹಿವಂಚ ಬಾರೋಟರು, ಹರಿದ್ವಾರದ ಪಂಡಾಗಳು ಇಂತಹ ವ್ಯವಸ್ಥೆಗೆ ಹೆಸರಾದ ಇತರ ನಿದರ್ಶನಗಳು. ಬಾರೋಟರನ್ನು ಕುರಿತು ಎ. ಎಂ. ಶಾ ಮತ್ತು ಆರ್. ಜಿ. ಶ್ರಾಫ್ ಅವರು 1958ರಲ್ಲಿಯೇ ಅಧ್ಯಯನ ಪ್ರಕಟಿಸಿದ್ದಾರೆ. ಹರಿದ್ವಾರದ ವಹಿಗಳನ್ನು ಅಮೆರಿಕದ ಯೂಟಾ ವಂಶಾವಳಿ ಸಂಘವು ಮೈಕ್ರೋಫಿಲ್ಮ್ ಮಾಡಿಸಿದೆ.

2. ದಾಖಲೆಯವರು ದಾಖಲಾದ ಬಗೆ

ಇಷ್ಟು ವ್ಯವಸ್ಥಿತವಾಗಿ ಅನ್ಯರ ದಾಖಲೆಯನ್ನು ಇಟ್ಟುಕೊಂಡು ಬಂದವರನ್ನು ಅನ್ಯರು ಹೇಗೆ ದಾಖಲಿಸಿದರು ಎಂಬುದು ಗಮನಾರ್ಹ. ಎಡ್ಗರ್ ಥರ್ಸ್ಟನ್ ಅವರು ಕೆ. ರಂಗಾಚಾರಿ ಅವರ ನೆರವಿನೊಂದಿಗೆ 1909ರಲ್ಲಿ ಏಳು ಸಂಪುಟಗಳಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಕೋಶದಲ್ಲಿ ಹೆಳವರ ಪ್ರಸ್ತಾಪವಿದೆ. ಅಲ್ಲಿ ಅವರು ಭಿಕ್ಷುಕ ವರ್ಗವೆಂದೂ ಗ್ರಾಮಚರಿತ್ರೆಗಳ ಪಾಲಕರೆಂದೂ ಒಟ್ಟೊಟ್ಟಿಗೆ ವರ್ಣಿತರಾಗಿದ್ದಾರೆ. ಗ್ರಾಮ ಲೆಕ್ಕಿಗನು ಸರ್ಕಾರದಿಂದ ಪಡೆಯುವುದು ಸಂಬಳವಾದರೆ, ಹೆಳವನು ಒಕ್ಕಲಿನಿಂದ ಪಡೆಯುವುದು ಭಿಕ್ಷೆ ಹೇಗಾಯಿತು ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ‘ಭಿಕ್ಷುಕ’ ಎಂಬ ಆ ಹಣೆಪಟ್ಟಿ ಆನಂತರದ ಬರಹಗಳಲ್ಲಿಯೂ ಮುಂದುವರಿಯಿತು.

ಗ್ರಂಥಾಲಯಗಳ ವರ್ಗೀಕರಣವೂ ಈ ದೃಷ್ಟಿಯಿಂದ ಹೊರತಾಗಿಲ್ಲ. 1876ರಲ್ಲಿ ರೂಪುಗೊಂಡ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ವಂಶಾವಳಿಗೆ 929 ಎಂಬ ಸಂಖ್ಯೆಯಿದೆ. ಅದು ಇತಿಹಾಸದ ವರ್ಗಕ್ಕೆ ಸೇರಿದುದು. ಜಾನಪದಕ್ಕೆ 398, ಅದು ಸಮಾಜ ವಿಜ್ಞಾನದ ವರ್ಗಕ್ಕೆ ಸೇರಿದುದು. ಕನ್ನಡ ಸಾಹಿತ್ಯವಿರುವುದು 894.814ರಲ್ಲಿ. ರಾಜಮನೆತನದ ವಂಶವೃಕ್ಷ 929ರಲ್ಲಿ ನಿಲ್ಲುತ್ತದೆ. ಹೆಳವರು ಹೇಳಿದ ರೈತ ಮನೆತನದ ವಂಶಾವಳಿಯನ್ನು ಯಾರಾದರೂ ಪುಸ್ತಕವಾಗಿಸಿದರೆ ಅದು 398ಕ್ಕೋ, ಜಾತಿ ಅಧ್ಯಯನಗಳಿರುವ 305ಕ್ಕೋ ಹೋಗುವ ಸಂಭವವೇ ಹೆಚ್ಚು. ಕಪಾಟಿನಲ್ಲಿ ಪುಸ್ತಕಕ್ಕೆ ಸಿಗುವ ಜಾಗವು ಜ್ಞಾನಕ್ಕೆ ಕೊಡುವ ಸ್ಥಾನವನ್ನೂ ಸೂಚಿಸುತ್ತದೆ ಎಂಬುದನ್ನು ಸೂಚೀಕಾರರು ಮರೆಯಬಾರದು.

ಕರ್ತೃತ್ವದ ನಮೂದಿನಲ್ಲಿಯೂ ಇದೇ ಸಮಸ್ಯೆ. ಬಹುಪಾಲು ಜಾನಪದ ಸಂಗ್ರಹಗಳ ಸೂಚಿಪತ್ರದಲ್ಲಿ ಸಂಗ್ರಾಹಕರ ಹೆಸರು ಕರ್ತೃವಿನ ಸ್ಥಾನದಲ್ಲಿರುತ್ತದೆ. ಹಾಡಿದವರು, ಹೇಳಿದವರು ಅನುಬಂಧದಲ್ಲಿ ‘ವಕ್ತೃಗಳು’ ಆಗಿರುತ್ತಾರೆ. ಇದಕ್ಕೆ ಒಳ್ಳೆಯ ಅಪವಾದಗಳಿವೆ. ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ಸಂಪಾದಿಸಿ 1998ರಲ್ಲಿ ಪ್ರಕಟಿಸಿದ, 15,683 ಸಾಲುಗಳ ತುಳು ಸಿರಿ ಮಹಾಕಾವ್ಯದ ಶೀರ್ಷಿಕೆಯಲ್ಲಿಯೇ ಗಾಯಕ ಗೋಪಾಲ ನಾಯ್ಕರ ಹೆಸರಿದೆ. ಇಂತಹ ಮಾದರಿಗಳು ಇನ್ನೂ ಪರಿಪಾಠವಾಗಿಲ್ಲ.

3. ಮೌನದ ಅರ್ಥ

ಮಾಹಿತಿ ವಿಜ್ಞಾನಿ ಎಲ್‌ಫ್ರೆಡಾ ಚಾಟ್‌ಮನ್ ಅವರು ಅಮೆರಿಕದಲ್ಲಿ ಕಸಗುಡಿಸುವ ಕಾರ್ಮಿಕರು, ವೃದ್ಧೆಯರು, ಮಹಿಳಾ ಕೈದಿಗಳು ಮೊದಲಾದವರ ನಡುವೆ ಕೆಲಸ ಮಾಡಿ, 1996ರಲ್ಲಿ ಮಾಹಿತಿ ಬಡತನವನ್ನು ಕುರಿತ ಸಿದ್ಧಾಂತವೊಂದನ್ನು ಮಂಡಿಸಿದರು. ಅವರ ಪ್ರಕಾರ ಗೋಪ್ಯತೆ ಮತ್ತು ಮರೆಮಾಚುವಿಕೆ ಅಂಚಿನ ಜನರ ಆತ್ಮರಕ್ಷಣೆಯ ಉಪಾಯಗಳು. ಹೇಳಿದರೆ ಒದಗುವ ಲಾಭಕ್ಕಿಂತ ಅಪಾಯವೇ ಹೆಚ್ಚೆಂದು ಕಂಡಾಗ ಜನ ಹೇಳುವುದಿಲ್ಲ. ನಮ್ಮ ಅಲೆಮಾರಿ ಸಮುದಾಯಗಳ ಸಂದರ್ಭದಲ್ಲಿ ಈ ಮಾತಿಗೆ ಚಾರಿತ್ರಿಕ ಆಧಾರವೂ ಇದೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಹಲವು ಸಮುದಾಯಗಳನ್ನು ಹೆಸರು ಹಿಡಿದು ನೋಂದಾಯಿಸಿ, ಅವರ ಚಲನವಲನಕ್ಕೆ ಕಾವಲು ಹಾಕಿತು. 1952ರಲ್ಲಿ ಅದು ರದ್ದಾದರೂ, ಹೆಸರು ಬರೆದುಕೊಳ್ಳಲು ಬರುವವರ ಬಗೆಗಿನ ಅಳುಕು ಆ ವರ್ಷಕ್ಕೇ ಮುಗಿಯಲಿಲ್ಲ. ಆದ್ದರಿಂದ ಪ್ರಶ್ನಾವಳಿಯಲ್ಲಿ ಖಾಲಿ ಉಳಿದ ಮನೆಯನ್ನು ‘ಮಾಹಿತಿ ಇಲ್ಲ’ ಎಂದು ತುಂಬುವ ಮೊದಲು ‘ಹೇಳಲು ಇಚ್ಛಿಸಲಿಲ್ಲ’ ಎಂಬ ಇನ್ನೊಂದು ಸಾಧ್ಯತೆಯನ್ನು ಪರಿಶೀಲಿಸಬೇಕಾಗುತ್ತದೆ.

4. ಕ್ಷೇತ್ರದಲ್ಲಿ ಕಲಿತ ಪಾಠ

ಈ ಸಂದರ್ಭದಲ್ಲಿ ಲೇಖಕಿಯ ಸ್ವಂತ ತಪ್ಪೊಂದನ್ನು ಪ್ರಸ್ತಾಪಿಸುವುದು ಅಪ್ರಸ್ತುತವಾಗಲಾರದು. ಡಾಕ್ಟರೇಟ್ ಅಧ್ಯಯನದ ಕಾಲದಲ್ಲಿ ನಾನು ಹಿರಿಯ ಹೆಳವರೊಬ್ಬರಿಂದ ಒಂದು ಮನೆತನದ ಏಳು ತಲೆಮಾರುಗಳ ವಿವರವನ್ನು ಟೇಪಿನಲ್ಲಿ ಧ್ವನಿಮುದ್ರಿಸಿಕೊಂಡು, ಊರು ಮನೆತನಗಳ ಹೆಸರು ಸಹಿತ ಒಂದು ಲೇಖನದಲ್ಲಿ ಅಚ್ಚು ಮಾಡಿಸಿದೆ. ಹಿಂದಿನ ತಲೆಮಾರಿನಲ್ಲಿ ನಡೆದ ಒಂದು ದತ್ತಕದ ಸಂಗತಿ ಅದರಲ್ಲಿತ್ತು. ಹೊಲದ ಪಾಲಿನ ವ್ಯಾಜ್ಯದಲ್ಲಿದ್ದ ದಾಯಾದಿಗಳ ಕೈಗೆ ಆ ಲೇಖನ ಸಿಕ್ಕಿತು. ವ್ಯಾಜ್ಯದ ಗತಿ ಏನಾಯಿತೆಂಬುದು ಬೇರೆ ಮಾತು. ಆ ಮನೆಯ ಬಾಗಿಲು ಹೆಳವರಿಗೆ ಮುಚ್ಚಿತು. ನನ್ನ ಲೇಖನದ ಬೆಲೆಯನ್ನು ತೆತ್ತವರು ಅವರು.

ಕೆಲವು ವರ್ಷಗಳ ಅನಂತರ ಅದೇ ಹಿರಿಯರ ಬಳಿ ಹೋಗಿ, ಹಳೆಯ ಹೊತ್ತಿಗೆಯನ್ನು ಛಾಯಾಚಿತ್ರ ತೆಗೆದುಕೊಳ್ಳಲು ಅನುಮತಿ ಕೇಳಿದಾಗ ಅವರು ಹೇಳಿದ್ದು ಹೀಗೆ: “ಅಕ್ಕಾರ, ಹೊತ್ತಿಗಿ ನಮ್ಮ ಕಡೆ ಐತಿ ಖರೆ, ಆದ್ರ ಒಳಗಿದ್ದ ಹೆಸರು ನಮ್ಮವಲ್ಲರಿ. ಆ ಮನಿಯವರು ನಮ್ಮನ್ನ ನಂಬಿ ಇಟ್ಟಾವು. ಅವರನ್ನ ಕೇಳದ ನಿಮಗ ಹೆಂಗ ಕೊಡ್ಲಿ?”

ಈ ಮಾತಿನಲ್ಲಿ ಮಾಹಿತಿ ನೀತಿಯ ಒಂದು ಮುಖ್ಯ ತತ್ವವಿದೆ. ಹೊತ್ತಿಗೆಯನ್ನು ಇಟ್ಟುಕೊಂಡವರು ಬೇರೆ, ಅದರಲ್ಲಿರುವ ಮಾಹಿತಿಗೆ ಹಕ್ಕುಳ್ಳವರು ಬೇರೆ. ಒಬ್ಬ ವ್ಯಕ್ತಿಯ ರುಜು ಪಡೆದರೆ ಸಾಕೆಂಬ ನಮ್ಮ ಸಮ್ಮತಿಪತ್ರದ ಕಲ್ಪನೆ ಇಲ್ಲಿ ಸಾಲದು. ಸಮ್ಮತಿಯು ಹೇಳುವವರದೂ ಹೌದು, ಹೇಳಲ್ಪಟ್ಟವರದೂ ಹೌದು. 2019ರಲ್ಲಿ ಮೂಲನಿವಾಸಿ ಸಮುದಾಯಗಳ ದತ್ತಾಂಶವನ್ನು ಕುರಿತು ರೂಪಿಸಲಾದ ‘ಕೇರ್’ ತತ್ವಗಳು ಸಾಮೂಹಿಕ ಪ್ರಯೋಜನ, ನಿಯಂತ್ರಣದ ಅಧಿಕಾರ, ಹೊಣೆಗಾರಿಕೆ ಮತ್ತು ನೈತಿಕತೆಗಳೆಂಬ ನಾಲ್ಕು ಅಂಶಗಳನ್ನು ಹೇಳುತ್ತವೆ. ಆ ಹಿರಿಯರು ಅದನ್ನೇ ತಮ್ಮ ಕಾಯಕದ ಕಟ್ಟಳೆಯಾಗಿ ಪಾಲಿಸುತ್ತಿದ್ದರು.

5. ವಿಧಾನದ ಕೆಲವು ಸೂತ್ರಗಳು

ಮೇಲಿನ ವಿವೇಚನೆಯ ಹಿನ್ನೆಲೆಯಲ್ಲಿ ಕ್ಷೇತ್ರಸಂಶೋಧಕರೂ ಗ್ರಂಥಪಾಲಕರೂ ಅನುಸರಿಸಬಹುದಾದ ಕೆಲವು ಸೂತ್ರಗಳನ್ನು ಹೀಗೆ ಸಂಗ್ರಹಿಸಬಹುದು.

(ಅ) ಪ್ರಶ್ನೆಯನ್ನು ಒಟ್ಟಿಗೆ ರೂಪಿಸುವುದು. ಸಂಶೋಧನೆಯ ಪ್ರಶ್ನೆ ಊರಿಗೆ ಹೋಗುವ ಮೊದಲೇ ಸಿದ್ಧವಾಗಿದ್ದರೆ ಸಮುದಾಯವು ಉತ್ತರ ಕೊಡುವ ಯಂತ್ರವಾಗುತ್ತದೆ. ನಾನು ಹೆಳವರನ್ನು ಅವರ ಉತ್ಪತ್ತಿಯ ಕಥೆ ಕೇಳುತ್ತಿದ್ದಾಗ ಅವರ ಚಿಂತೆ ಬೇರೆಯೇ ಆಗಿತ್ತು: ಶಾಲೆಗೆ ಹೋಗುವ ಮಕ್ಕಳು ಹಳೆಯ ಬರಹವನ್ನು ಓದಲಾರರು, ಹೊತ್ತಿಗೆಯನ್ನು ಮುಂದೆ ಯಾರು ಬಿಡಿಸಿ ಹೇಳುವರು? ಆ ಚಿಂತೆಯೇ ಸಂಶೋಧನೆಯ ಪ್ರಶ್ನೆಯಾಗಬಹುದಿತ್ತು.

(ಆ) ಸಮ್ಮತಿಯನ್ನು ಹಂತಹಂತವಾಗಿ ಪಡೆಯುವುದು. ಕೇಳಲು, ಧ್ವನಿಮುದ್ರಿಸಲು, ಭಂಡಾರದಲ್ಲಿಡಲು, ಅಚ್ಚು ಮಾಡಲು, ಅಂತರ್ಜಾಲದಲ್ಲಿ ಹಾಕಲು ಪ್ರತ್ಯೇಕ ಸಮ್ಮತಿ ಬೇಕು. ಒಂದಕ್ಕೆ ಒಪ್ಪಿದವರು ಇನ್ನೊಂದಕ್ಕೆ ಒಪ್ಪಬೇಕೆಂದಿಲ್ಲ. ಒಪ್ಪಿದುದನ್ನು ಹಿಂತೆಗೆದುಕೊಳ್ಳಲೂ ಅವಕಾಶವಿರಬೇಕು.

(ಇ) ಸೂಚಿಯನ್ನು ತಿದ್ದುವುದು. ಹೇಳಿದವರ ಹೆಸರು, ಅವರು ಒಪ್ಪಿದಲ್ಲಿ, ಸಹಕರ್ತೃವಿನ ಸ್ಥಾನದಲ್ಲಿ ನಮೂದಾಗಬೇಕು. ಸಮುದಾಯವು ತನ್ನನ್ನು ಕರೆದುಕೊಳ್ಳುವ ಹೆಸರೂ ಪ್ರಕಾರಕ್ಕೆ ಬಳಸುವ ಪದವೂ ವಿಷಯ ಶೀರ್ಷಿಕೆಯಾಗಬೇಕು.

(ಈ) ಪ್ರವೇಶಾವಕಾಶವನ್ನು ಶ್ರೇಣೀಕರಿಸುವುದು. ಎಲ್ಲವೂ ಎಲ್ಲರಿಗೂ ತೆರೆದಿರಬೇಕೆಂಬುದು ಉದಾತ್ತವಾದ ಆದರ್ಶ. ಆದರೆ ವಂಶಾವಳಿಯಲ್ಲಿ ಬದುಕಿರುವವರ ವಿವರಗಳಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಅನಂತರವಂತೂ ಈ ಎಚ್ಚರ ಅನಿವಾರ್ಯ. ಆಸ್ಟ್ರೇಲಿಯದ ವಾರುಮುಂಗು ಸಮುದಾಯದೊಂದಿಗೆ ಕಿಂಬರ್ಲಿ ಕ್ರಿಸ್ಟನ್ ಮೊದಲಾದವರು ರೂಪಿಸಿದ ‘ಮುಕುರ್ತು’ ಎಂಬ ತಂತ್ರಾಂಶದಲ್ಲಿ ಯಾವ ದಾಖಲೆಯನ್ನು ಯಾರು ನೋಡಬಹುದೆಂಬುದನ್ನು ಸಮುದಾಯದ ಕಟ್ಟಳೆಗಳೇ ನಿರ್ಧರಿಸುತ್ತವೆ. ನಮ್ಮ ಭಂಡಾರಗಳಿಗೂ ಇದು ಪರಿಶೀಲನಾರ್ಹ.

(ಉ) ಹಿಂದಿರುಗಿಸುವುದು. ಧ್ವನಿಮುದ್ರಣದ ಒಂದು ಪ್ರತಿ ಹೇಳಿದವರ ಮನೆಗೆ ತಲುಪಬೇಕು. ಭಂಡಾರದಲ್ಲಿರುವ ತಂದೆಯ ಧ್ವನಿಯನ್ನು ಕೇಳಲು ಮಗನು ಸಂಶೋಧಕರ ಶಿಫಾರಸು ಪತ್ರ ತರಬೇಕಾಗುವ ಸ್ಥಿತಿ ಯಾವ ಸಂಸ್ಥೆಗೂ ಶೋಭೆಯಲ್ಲ.

6. ಸಮುದಾಯದೊಳಗಿನ ಮೌನಗಳು

ವಿಮರ್ಶಾತ್ಮಕ ವಿಧಾನವು ಸಂಸ್ಥೆಗಳನ್ನು ಪ್ರಶ್ನಿಸಿ ಸಮುದಾಯವನ್ನು ಮಾತ್ರ ಆರಾಧಿಸುವಂತಾದರೆ ಅದು ಅರೆವಿಮರ್ಶೆ. ಹೆಳವರ ಹೊತ್ತಿಗೆ ಮುಖ್ಯವಾಗಿ ಗಂಡುಸಂತತಿಯ ದಾಖಲೆ. ಹೆಣ್ಣುಮಕ್ಕಳ ಹೆಸರು ಎಷ್ಟೋ ಕಡೆ ಬರುವುದೇ ಇಲ್ಲ. ಬಂದರೂ ಕೊಟ್ಟ ಊರಿನೊಂದಿಗೆ ಮುಗಿಯುತ್ತದೆ. ಯಾವ ಜಾತಿಯ ಮನೆತನಗಳಿಗೆ ಹೆಳವರಿದ್ದರು, ಯಾರ ಬಾಗಿಲಿಗೆ ಅವರು ಹೋಗುತ್ತಿರಲಿಲ್ಲ ಎಂಬ ಪ್ರಶ್ನೆಯೂ ಇದೆ. ಹೊತ್ತಿಗೆಯಲ್ಲಿ ಹೆಸರಿಲ್ಲದ ಮನೆತನಕ್ಕೂ ಪೂರ್ವಿಕರಿದ್ದರು. ಹೆಳವ ಹೆಂಗಸರಿಗೆ ಗೊತ್ತಿರುವ ಮದುವೆ ಸಂಬಂಧಗಳ ವಿವರವನ್ನು ನಾನೂ ಮೊದಲ ಸುತ್ತಿನ ಕ್ಷೇತ್ರಕಾರ್ಯದಲ್ಲಿ ಕೇಳಿರಲಿಲ್ಲ. ಹೊತ್ತಿಗೆ ಗಂಡಸರ ಕೈಯಲ್ಲಿದೆಯೆಂದು ಮಾಹಿತಿಯೂ ಅವರಲ್ಲಿಯೇ ಇದೆಯೆಂದು ಭಾವಿಸಿದ್ದೆ. ಎರಡನೆಯ ಸುತ್ತಿನಲ್ಲಿ ಒಲೆಯ ಮುಂದೆ ಕುಳಿತು ಕೇಳಿದಾಗ, ಹೊತ್ತಿಗೆಯಲ್ಲಿಲ್ಲದ ಹೆಣ್ಣುಮಕ್ಕಳ ಹೆಸರುಗಳು ಒಂದೊಂದಾಗಿ ಹೊರಬಂದವು.

ಸಮಾರೋಪ

ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರತಿಪಾದಿಸಿದ ಪಂಚಸೂತ್ರಗಳು ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕೆಂಬ ಆಶಯವನ್ನು ಗ್ರಂಥಾಲಯದ ಧರ್ಮವಾಗಿಸಿದವು. ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿದೆ. ಜಾನಪದಕ್ಕೆಂದೇ 2011ರಲ್ಲಿ ವಿಶ್ವವಿದ್ಯಾಲಯವೂ ಸ್ಥಾಪನೆಯಾಗಿದೆ. ಇಷ್ಟಿದ್ದೂ, ವರ್ಷದ ಬಹುಭಾಗ ದಾರಿಯಲ್ಲೇ ಕಳೆಯುವ ಕುಟುಂಬಕ್ಕೆ ಒಂದು ಖಾಯಂ ವಿಳಾಸವನ್ನು ಆಧರಿಸಿದ ಗ್ರಂಥಾಲಯ ಸದಸ್ಯತ್ವ ದೂರದ ಮಾತಾಗಿಯೇ ಉಳಿದಿದೆ. ಊರೂರಿನ ಮನೆತನಗಳಿಗೆ ಅವರ ಮೂಲದ ವಿಳಾಸವನ್ನು ಹೇಳುತ್ತ ಬಂದವರ ಸ್ಥಿತಿಯಿದು.

ಒಟ್ಟಾರೆ ಹೇಳುವುದಾದರೆ, ಹೆಳವರಂತಹ ಸಮುದಾಯಗಳನ್ನು ಮಾಹಿತಿ ಪಡೆಯಬೇಕಾದವರೆಂದಾಗಲಿ ಮಾಹಿತಿ ಒದಗಿಸಬೇಕಾದವರೆಂದಾಗಲಿ ಒಂದೇ ಕಡೆಯಿಂದ ನೋಡುವ ಕ್ರಮವನ್ನು ಕೈಬಿಡಬೇಕಾಗಿದೆ. ಅವರು ಮಾಹಿತಿಯ ಪಾಲಕರು. ಪಾಲನೆಯ ನೀತಿಯೊಂದನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು. ಆ ಹಿರಿಯರು ಹೊತ್ತಿಗೆಯ ಚಿತ್ರ ತೆಗೆಯಲು ನನಗೆ ಇಂದಿಗೂ ಅನುಮತಿ ಕೊಟ್ಟಿಲ್ಲ. ಅವರೊಡನೆ ಎರಡು ಮನೆತನಗಳ ಬಾಗಿಲಿಗೆ ಹೋಗಿ, ಆ ಮನೆಯವರನ್ನು ಕೇಳಿ, ಅವರು ಒಪ್ಪಿದಷ್ಟು ಪುಟಗಳನ್ನು ಮಾತ್ರ ಪ್ರತಿ ಮಾಡಿಕೊಂಡಿದ್ದೇನೆ. ಪುಟಗಳ ಸಂಖ್ಯೆ ಕಡಿಮೆ. ಆದರೆ ಅವುಗಳಲ್ಲಿ ಯಾವುದನ್ನೂ ಯಾರಿಂದಲೂ ಮರೆಮಾಚಬೇಕಾಗಿಲ್ಲ.